ಒಂದು ಗುಡಿಸು ಹೆಚ್ಚಾಗಿ

ಎಲ್ಲದಕ್ಕೂ ಕಾರಣ ಒಂದು ಗುಡಿಸು. ‘ಪೋಕರ್’ ಎಂಬ ಆಟದ ಹೆಸರಿಗೆ ‘ಗೆ’ ಸೇರಿಸಿದರೆ ನಡುವೆ ಒಂದು ಗುಡಿಸು ಹೇಳದೆ ಕೇಳದೆ ಬಂದು ಕೂತುಬಿಡುತ್ತದೆ ಎಂಬುದು ಮೂಡಿಗೆರೆಯ ವೀರೇಂದ್ರನಿಗೆ ಆ ಭಾನುವಾರ ಬೆಳಿಗ್ಗೆ ಹೊಳೆದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಹೊಳೆಯಲಿಲ್ಲ, ಏನು ಮಾಡೋದು! ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದ ತಾಯಿ ಶಿವಗಂಗಮ್ಮನ ಮುಂದೆ ನೆಟ್ಟಗೆ ನಿಂತು, ಹಾಸಿಗೆಯಲ್ಲೇ ಬಾಯಿಪಾಠ ಮಾಡಿಕೊಂಡಿದ್ದ ಮಾತನ್ನು ಒಂದೇ ಉಸಿರಿಗೆ ಹೇಳಿಬಿಟ್ಟ.

“ಅವ್ವ, ನಾನು ಮಿಲ್ಲಿನ ಕೆಲ್ಸ ಬಿಟ್ಟು ಇನ್ನು ಪೂರ್ತಿ ಪೋಕರಿಗೇ ಇಳೀತೀನಿ.”

ಶಿವಗಂಗಮ್ಮನ ಕೈಯಲ್ಲಿದ್ದ ಮೊರ ಅಲ್ಲೇ ನಿಂತಿತು. “ಎಂತಕ್ಕೆ ಇಳೀತೀಯ?”

“ಪೋಕರಿಗೆ. ಇಷ್ಟು ದಿನ ಬರೀ ಭಾನುವಾರ ಮಾತ್ರ ಇತ್ತು. ಇನ್ಮೇಲೆ ಅದೇ ಕಸುಬು. ಪ್ರೊಫೆಷನಲ್ಲು.”

“ಭಾನುವಾರ ಮಾತ್ರ ಇತ್ತಾ! ಎಲ್ಲೋ?”

“ಇಲ್ಲೇ ಅವ್ವ, ನಡುಮನೇಲಿ. ನೀನೇ ನೋಡಿದೀಯಲ್ಲ. ಬಸವರಾಜಣ್ಣ, ವೆಂಕಟೇಶಣ್ಣ, ದಾಸಯ್ಯನವ್ರು, ಎಲ್ರೂ ಸೇರ್ಕೊಂಡೇ ಮಾಡ್ತಿದ್ವಿ. ಅವ್ರೆಲ್ಲರಿಗಿಂತ ನಾನೇ ಮುಂದೆ.”

ಶಿವಗಂಗಮ್ಮನ ಲೆಕ್ಕದಲ್ಲಿ ಆ ನಾಲ್ವರು ನಡುಮನೆಯಲ್ಲಿ ಕೂತು ಆಡುತ್ತಿದ್ದದ್ದು ಇಸ್ಪೀಟು. ಇಸ್ಪೀಟಿನಲ್ಲಿ ಪೋಕರ್ ಎಂಬುದೊಂದು ಜಾತಿ ಇದೆ ಅಂತ ಆ ತಾಯಿಗೆ ಯಾರೂ ಹೇಳಿರಲಿಲ್ಲ. ಹೆತ್ತ ಮಗ, ಮೀಸೆ ಬಂದು ಎಷ್ಟೋ ವರ್ಷವಾದ ಮೇಲೆ, ಹಣೆಗೆ ವಿಭೂತಿ ಹಚ್ಚಿಕೊಂಡು ನಿಂತು, ‘ನಾನು ಪೋಕರಿ ಆಗ್ತೀನಿ’ ಅನ್ನುತ್ತಿದ್ದಾನೆ! ಮೊರ ಬಿಟ್ಟು ಎದ್ದವರೇ, “ಅಯ್ಯೋ ಭಾಗಮ್ಮಾ, ಇಲ್ಲಿ ಬಾರೇ, ನಮ್ಮನೆ ಹಾಳಾಯ್ತಲ್ಲೇ” ಎಂದು ಕಾಂಪೌಂಡಿನ ಕಡೆಗೆ ಓಡಿದರು.

ಪಕ್ಕದ ಮನೆಯ ಭಾಗಮ್ಮನನ್ನು ಕರೆಯುವ ಅಗತ್ಯವೇನೂ ಇರಲಿಲ್ಲ. ಆಕೆ ಆಗಲೇ ಗೋಡೆಗೆ ಗಲ್ಲ ಊರಿ ನಿಂತಿದ್ದಳು. “ಕೇಳಿಸ್ತು ಬಿಡಿ ಶಿವಗಂಗಕ್ಕ. ಪೋಕರಿ ಆಗೋಕೂ ಈಗ ಪ್ರೊಫೆಷನಲ್ ಕೋರ್ಸು ಬಂದಿದ್ಯಾ? ಕಾಲ ನೋಡಿ. ಬನ್ನಿ, ಮಠಕ್ಕೆ ಹೋಗಿ ವಿಭೂತಿ ಮಂತ್ರಿಸ್ಕೊಂಡು ಬರಣ.” ಚಪ್ಪಲಿ ಮೆಟ್ಟಿ ಇಬ್ಬರೂ ಹೊರಟೇಹೋದರು.

ಈಗ ವೀರೇಂದ್ರನ ಆಟದ ವಿಷಯ ಹೇಳಬೇಕು. ಇವನಿಗೆ ಬಸವರಾಜು ಅವರ ಕಾಫಿ ಮಿಲ್ಲಿನಲ್ಲಿ ಔಟ್‌ಟರ್ನ್ ನೋಡುವ ಕೆಲಸ. ಬೆಳೆಗಾರರು ತಂದ ಕಾಫಿಯಲ್ಲಿ ಒಂದು ಹಿಡಿ ತೆಗೆದು, ಸಿಪ್ಪೆ ಬಿಡಿಸಿ, ತೂಗಿ, ನಿಜವಾದ ಬೀಜ ಎಷ್ಟು ಸಿಗುತ್ತದೆ ಅಂತ ಹೇಳುವುದು. ಮದುವೆಗೂ ಮುಂಚಿನಿಂದ ಅದೇ ಕುರ್ಚಿ, ಅದೇ ತಕ್ಕಡಿ. ಆಟ ಮಾತ್ರ ಹೋದ ಕಾರ್ತಿಕದಿಂದ ಶುರುವಾದದ್ದು. ಮಿಲ್ಲಿನ ಯಜಮಾನರಾದ ಬಸವರಾಜು, ಜಾವಳಿಯ ಬೆಳೆಗಾರ ವೆಂಕಟೇಶ, ರಿಟೈರ್ಡ್ ಲೈನ್‌ಮನ್ ದಾಸಯ್ಯ, ಇವನು. ದುಡ್ಡಿನ ಮಾತೇ ಇಲ್ಲ. ಒಳಸಿಪ್ಪೆ ಮಾತ್ರ ಉಳಿದ ಪಾರ್ಚ್‌ಮೆಂಟ್ ಕಾಫಿಬೀಜ ಸಣ್ಣ ಪಣ, ಇಡೀ ಹಣ್ಣೇ ಒಣಗಿದ ಚೆರ್ರಿ ಕಾಫಿ ದೊಡ್ಡ ಪಣ. ಗೆದ್ದವನ ಮನೆಯಲ್ಲಿ ಮುಂದಿನ ಭಾನುವಾರದ ಆಟ. ಇಷ್ಟೇ ಕಾನೂನು.

ಮೊದಲ ಭಾನುವಾರ ಹೇಗೋ ವೀರೇಂದ್ರ ಗೆದ್ದ. ಆಟ ಇವನ ಮನೆಗೆ ಬಂತು. ಆಮೇಲೆ ಬೇರೆ ಯಾರ ಮನೆಗೂ ಹೋಗಲೇ ಇಲ್ಲ! ಪ್ರತಿ ವಾರ ಇವನೇ ಗೆಲ್ಲುತ್ತಿದ್ದ. ಒಳ್ಳೇ ಎಲೆ ಬಂದಾಗ ಇವನ ಕಿವಿ ಬೆಚ್ಚಗಾಗುತ್ತಿತ್ತು, ಅದು ಅದೃಷ್ಟದ ಬಿಸಿ ಅಂತ ಇವನ ನಂಬಿಕೆ. ಬೆಚ್ಚಗಾಗದಿದ್ದಾಗಲೂ ಗೆಲ್ಲುತ್ತಿದ್ದನಲ್ಲ, ಅದು ಬುದ್ಧಿ ಅಂತ ಇವನೇ ಅಂದುಕೊಂಡ. ಮೊಬೈಲಿನಲ್ಲಿ ಗೋವಾದ ಪಂದ್ಯಗಳನ್ನು ನೋಡಿದ. ಕಪ್ಪು ಕನ್ನಡಕ ಹಾಕಿಕೊಂಡು ಕಲ್ಲಿನ ಹಾಗೆ ಕೂತವರನ್ನು ನೋಡಿ, ‘ನನ್ನ ಮುಖವೂ ಹಾಗೇ ಅಲ್ವಾ’ ಎಂದು ಕನ್ನಡಿ ಮುಂದೆ ನಿಂತು ನೋಡಿಕೊಂಡ. ನಿನ್ನೆ ಮಿಲ್ಲಿನಲ್ಲಿ ತಕ್ಕಡಿ ಮುಂದೆ ಕೂತಿದ್ದಾಗ, ತನ್ನ ಜೀವನದ ಔಟ್‌ಟರ್ನ್ ತೆಗೆದರೆ ಸಿಪ್ಪೆಯೇ ಜಾಸ್ತಿ ಬರುತ್ತದೆ ಅನ್ನಿಸಿ ಅವನಿಗೆ ನಿಜಕ್ಕೂ ಸಂಕಟವಾಯಿತು. ಹವ್ಯಾಸವನ್ನು ಹವ್ಯಾಸವಾಗಿ ಇಟ್ಟುಕೊಳ್ಳುವುದೋ, ಕಸುಬು ಮಾಡಿಕೊಳ್ಳುವುದೋ? ತೂಗಿದ. ಕಸುಬಿನ ಕಡೆ ವಾಲಿತು.

ಹೆಂಡತಿ ತನುಜಾಳಿಗೆ ಇದನ್ನೆಲ್ಲ ಅಡುಗೆಮನೆಯಲ್ಲಿ ವಿವರಿಸಿದ. ಅವಳು ಸಂಜೆಯ ಕಡುಬಿಗೆ ತರಿ ಹುರಿಯುತ್ತಿದ್ದಳು.

“ತೂಗಿ ನೋಡಿದ್ದು ಯಾರು?” ಎಂದಳು.

“ನಾನೇ.”

“ತೂಕಕ್ಕೆ ಬಿದ್ದಿದ್ದು?”

“ಅದೂ ನಾನೇ. ಯಾಕೆ?”

“ಏನಿಲ್ಲ. ಸಂಜೆ ಅವ್ರೆಲ್ಲ ಬರ್ತಾರೆ, ಎರಡು ಕಾಯಿ ತುರಿದು ಕೊಟ್ಟು ಹೋಗಿ.”

“ಪ್ರೊಫೆಷನಲ್ ಆಗೋನ ಹತ್ರ ಕಾಯಿ ತುರಿಸ್ತೀಯೇನೇ? ಬೆರಳೇ ನಮ್ಮ ಬಂಡವಾಳ!” ಎಂದು ಬೆರಳು ತೋರಿಸಿ, ಅಂಗಿ ತೊಟ್ಟು, ಯಜಮಾನರಿಗೆ ರಾಜೀನಾಮೆ ಹೇಳಲು ಹೊರಟ. ಸೀಸನ್ ಆದ್ದರಿಂದ ಭಾನುವಾರವೂ ಮಿಲ್ಲು ತೆರೆದಿತ್ತು.

ಭಾಗಮ್ಮ ಮಠಕ್ಕೆ ಹೋದ ದಾರಿಯೂ ಮಿಲ್ಲಿನ ದಾರಿಯೂ ಒಂದೇ. ಹಾಗಾಗಿ ವೀರೇಂದ್ರ ಹೋದಲ್ಲೆಲ್ಲ ಸುದ್ದಿ ಮುಂಚೆಯೇ ತಲುಪಿತ್ತು. ದಿನಾ ‘ನಮಸ್ಕಾರ’ ಎನ್ನುತ್ತಿದ್ದ ಬೇಕರಿಯವನು ಇವತ್ತು ಎದ್ದು ನಿಂತು ಎರಡೂ ಕೈ ಜೋಡಿಸಿದ. ಆಟೋ ಸ್ಟ್ಯಾಂಡಿನವರು ಮಾತು ನಿಲ್ಲಿಸಿ ದಾರಿ ಬಿಟ್ಟರು. ‘ಅಬ್ಬಾ, ಪ್ರೊಫೆಷನಲ್ಲು ಅಂದ್ರೆ ಏನ್ ಗೌರವ!’ ಎಂದು ವೀರೇಂದ್ರ ಎದೆ ಸ್ವಲ್ಪ ಮುಂದೆ ಮಾಡಿಕೊಂಡು ನಡೆದ.

ಬಸ್ ಸ್ಟ್ಯಾಂಡಿನ ಹತ್ತಿರ ಎರಡು ಮಳಿಗೆಗಳ ಒಡತಿ ತಿಮ್ಮಮ್ಮ ತಡೆದು ನಿಲ್ಲಿಸಿದರು. ಅತ್ತಿತ್ತ ನೋಡಿ, ಸೆರಗು ಬಾಯಿಗೆ ಅಡ್ಡ ಹಿಡಿದು, “ಹೊಸದಾಗಿ ಶುರು ಮಾಡಿದೀರಂತೆ?” ಎಂದು ಕೇಳಿದರು.

“ಹೌದಮ್ಮ, ಇವತ್ತಿಂದ.”

“ನಮ್ಮದೊಂದು ಕೆಲ್ಸ ಇತ್ತು ಮಾರಾಯ. ಆ ಕೊನೇ ಮಳಿಗೆಯವ್ನು ಖಾಲಿ ಮಾಡಂದ್ರೆ ಮಾಡ್ತಿಲ್ಲ. ಹೊಡಿಯೋದು ಬಡಿಯೋದು ಬೇಡ. ಸುಮ್ನೆ ಹೋಗಿ ಬಾಗ್ಲಲ್ಲಿ ನಿಂತು ಒಂದ್ಸಲ ಗುರಾಯಿಸಿ ಬನ್ನಿ.”

ವೀರೇಂದ್ರನಿಗೆ ತಲೆಬುಡ ತಿಳಿಯಲಿಲ್ಲ. ಕೇಳಿ ಕೇಳಿ ಕೊನೆಗೆ ತಿಳಿದಾಗ ಅವನ ಮುಖ ಬೆವೆತುಹೋಯಿತು. “ಅಯ್ಯೋ ದೇವ್ರೇ! ಪೋಕರಿ ಅಲ್ಲಮ್ಮ, ಪೋಕರ್! ಪೋಕರ್! ಗುಡಿಸು ಇಲ್ಲ!”

“ಗುಡಿಸೋದು ಒರೆಸೋದು ನಮ್ಮ ಆಳು ಮಾಡ್ತಾಳೆ, ನೀವು ಗುರಾಯಿಸಿದ್ರೆ ಸಾಕು” ಎಂದರು ತಿಮ್ಮಮ್ಮ. ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, “ಮೀಸೆ ಸ್ವಲ್ಪ ದಪ್ಪ ಬಿಡಿ. ಹಿಂಗಿದ್ರೆ ಯಾರೂ ಹೆದರಲ್ಲ” ಎಂದು ಸಲಹೆಯನ್ನೂ ಕೊಟ್ಟರು.

ಹೇಗೋ ತಪ್ಪಿಸಿಕೊಂಡು ಮಿಲ್ಲಿಗೆ ಬಂದ. ಬಸವರಾಜು ಚೀಲಗಳ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಪೋಕರ್ ಅಂದರೆ ಏನು ಅಂತ ಗೊತ್ತಿದ್ದವರಾದ್ದರಿಂದ ಇಲ್ಲಿ ಗುಡಿಸಿನ ಕಾಟ ಇರಲಿಲ್ಲ.

“ಕೆಲ್ಸ ಬಿಡ್ತೀನಿ ಅಂತೀಯ. ಆಯ್ತು ಮಾರಾಯ, ನಿನ್ನಿಷ್ಟ” ಎಂದರು ಬಸವರಾಜು, ಇವನು ಎಣಿಸಿದ್ದಕ್ಕಿಂತ ಬೇಗನೇ. ಆಗಲೇ ಫೋನು ತೆಗೆದು ಯಾರಿಗೋ, “ಲಿಖಿತ್, ನಾಳೆ ಬೆಳಿಗ್ಗೆ ಬಂದು ಔಟ್‌ಟರ್ನ್ ಟೇಬಲ್ಲಿಗೆ ಕೂತ್ಕೋ. ಹೂಂ, ಖಾಲಿ ಆಯ್ತು” ಎಂದೂ ಹೇಳಿ ಮುಗಿಸಿದರು. ನಾದಿನಿಯ ಮಗ, ಒಂದು ವರ್ಷದಿಂದ ಕೆಲಸಕ್ಕೆ ದುಂಬಾಲು ಬಿದ್ದಿದ್ದನಂತೆ. ವೀರೇಂದ್ರನಿಗೆ ಸ್ವಲ್ಪ ಬೇಜಾರಾಯಿತು. ಒಂದು ಸಲವಾದರೂ ‘ಹೋಗಬೇಡ’ ಅನ್ನಬಹುದಿತ್ತು.

“ಭಾನುವಾರ ಹೆಂಗೂ ಸಿಗ್ತೀಯಲ್ಲ” ಎಂದರು ಬಸವರಾಜು.

“ಇಲ್ಲಣ್ಣ. ಗೋವಾದಲ್ಲಿ ಮನೆ ಮಾಡ್ತೀನಿ. ತನುಜಾನೂ ಕರ್ಕೊಂಡು ಹೋಗ್ತೀನಿ.”

ಬಸವರಾಜು ಕುರ್ಚಿಯಿಂದ ಎದ್ದುಬಿಟ್ಟರು. “ತನುಜಾನೂ? ಎಂತ ಹೇಳ್ತೀಯ ಮಾರಾಯ! ಹಂಗೆಲ್ಲ ದುಡುಕಬಾರ್ದು. ಔಟ್‌ಟರ್ನಿಗೆ ಯಾರಾದ್ರೂ ಸಿಗ್ತಾರೆ, ಆದ್ರೆ...” ಎಂದು ಮಾತು ನುಂಗಿಕೊಂಡು, “ಸಂಜೆ ಬರ್ತೀವಿ, ಕೂತು ಮಾತಾಡಣ” ಎಂದರು. ಇವನು ಗೇಟು ದಾಟುವ ಮೊದಲೇ ವೆಂಕಟೇಶನಿಗೂ ದಾಸಯ್ಯನಿಗೂ ಫೋನು ಹೋಯಿತು. ಮೂವರೂ ಸೇರಿ ತೀರ್ಮಾನಿಸಿದ್ದು ಒಂದೇ: ಇವತ್ತು ಅವನನ್ನು ಸೋಲಿಸಬೇಕು. ಸೋತರೆ ಹುಚ್ಚು ಬಿಡುತ್ತದೆ, ಗೋವಾ ತಪ್ಪುತ್ತದೆ.

ಸಂಜೆ ನಡುಮನೆಯಲ್ಲಿ ಚಾಪೆ ಹಾಸಿದರು. ಮಠದಿಂದ ಬಂದಿದ್ದ ಶಿವಗಂಗಮ್ಮ ಮಗನ ಹಣೆಗೆ ಇಷ್ಟಗಲ ವಿಭೂತಿ ಬಳಿದು, ದೇವರ ಕೋಣೆ ಬಾಗಿಲಲ್ಲಿ ಕೂತು ಗುರುಗುಟ್ಟುತ್ತಿದ್ದರು. ಪೋಕರಿಗಳ ಗುಂಪನ್ನು ಕಣ್ಣಾರೆ ನೋಡಲು ಭಾಗಮ್ಮ ಹೊಸ್ತಿಲ ಮೇಲೆ ಜಾಗ ಹಿಡಿದಿದ್ದಳು. ಒಳಗಿಂದ ಕಡುಬು ಬೇಯುವ ವಾಸನೆ ಬರುತ್ತಿತ್ತು.

ಆಟ ಶುರುವಾಯಿತು, ವೀರೇಂದ್ರನ ಪಾಲಿಗೆ ಬೇಗ ಮುಗಿಯಿತು. ಇವನು ಒಳ್ಳೇ ಎಲೆ ಹಿಡಿದರೆ ಮೂವರೂ ಎಲೆ ಕೆಳಗಿಟ್ಟು ಸುಮ್ಮನಾಗುತ್ತಿದ್ದರು, ಕೆಟ್ಟ ಎಲೆ ಹಿಡಿದು ಬುರುಡೆ ಬಿಟ್ಟರೆ ಮೂವರೂ ಮೈಮೇಲೆ ಬೀಳುತ್ತಿದ್ದರು. ಯಾವುದು ಒಳ್ಳೇದು ಯಾವುದು ಬುರುಡೆ ಅಂತ ಇವರಿಗೆ ಹೇಗೆ ಗೊತ್ತಾಗುತ್ತಿದೆ! ಮುಂದಿದ್ದ ಪಾರ್ಚ್‌ಮೆಂಟ್ ಹೋಯಿತು, ಚೆರ್ರಿ ಹೋಯಿತು. ವೀರೇಂದ್ರ ಬರಿಗೈಯಲ್ಲಿ ಗೋಡೆಗೆ ಒರಗಿದ. ಕಾರ್ತಿಕದಿಂದ ಕಟ್ಟಿಕೊಂಡಿದ್ದ ಧೈರ್ಯವೆಲ್ಲ ಕುಸಿಯಿತು.

ಉಳಿದವರು ಮೂವರು. ಆಗ ಬಸವರಾಜು ಅವರಿಗೆ ಕಾನೂನು ನೆನಪಾಯಿತು. ಗೆದ್ದವನ ಮನೆಯಲ್ಲಿ ಮುಂದಿನ ಆಟ!

“ನಾನು ಪ್ಯಾಕ್” ಎಂದು ಎಲೆ ಎಸೆದರು.

“ಎಲೆ ಎತ್ತಿ ನೋಡೇ ಇಲ್ವಲ್ಲ ಬಸವರಾಜಣ್ಣ!” ಎಂದ ವೆಂಕಟೇಶ. ಮರುಕ್ಷಣ ಅವನಿಗೂ ಹೊಳೆಯಿತು. “ನಾನೂ ಪ್ಯಾಕ್!”

ಒಬ್ಬರೇ ಉಳಿದ ದಾಸಯ್ಯ ಗಾಬರಿಯಾಗಿ ಕೈಯಲ್ಲಿದ್ದ ಎಲೆಗಳನ್ನೆಲ್ಲ ಚಾಪೆ ಮೇಲೆ ಒಗೆದರು. “ನಾನು ನಿಮ್ಮಿಬ್ಬರಿಗಿಂತ ಮುಂಚೆನೇ ಪ್ಯಾಕ್ ಅಂದಿದ್ದೆ, ನಿಮಗೆ ಕೇಳಿಸಿಲ್ಲ!”

ಒಗೆದ ಎಲೆಗಳು ಅಂಗಾತ ಬಿದ್ದವು. ಮೂರು ರಾಜರು, ಎರಡು ಎಕ್ಕ.

ವೀರೇಂದ್ರ ಎದ್ದು ಕೂತ. “ಮೂರು ರಾಜರನ್ನ ಇಟ್ಕೊಂಡು ಪ್ಯಾಕಾ ದಾಸಯ್ಯನವ್ರೇ?”

“ಮತ್ತೆ ಗೆದ್ದು ನಮ್ಮನೇಲಿ ಎಂತ ಮಾಡೋದು?” ದಾಸಯ್ಯ ಸಿಟ್ಟಿಗೆದ್ದರು. “ಒಂಟಿ ಜೀವ. ಗಂಜಿ ಕುಡೀತೀರಾ ಎಲ್ರೂ? ವೆಂಕಟೇಶನ ಮನೇಲಿ ಆಗ್ಲಿ.”

“ನಮ್ಮನೇಲಿ ಹೆಂಡ್ತಿ ಶಾಲಿನಿ ಡಯಟ್ ಶುರು ಮಾಡಿದಾಳೆ. ಮೂರು ಹೊತ್ತೂ ಓಟ್ಸು! ಕಾಫಿ ಹೂ ಅರಳ್ಸೋ ಹೂಮಳೆ ನಂಬಿ ಕೂತಿರೋ ಬೆಳೆಗಾರ ನಾನು, ನನ್ನಷ್ಟು ದೊಡ್ಡ ಜೂಜುಗಾರ ಇಲ್ಯಾರೂ ಇಲ್ಲ. ಆದ್ರೂ ಆ ಓಟ್ಸಿನ ಮೇಲೆ ಪಣ ಕಟ್ಟಲ್ಲ. ಬಸವರಾಜಣ್ಣನ ಮನೆ ದೊಡ್ಡದು.”

“ನಮ್ಮ ಅಡುಗೆಯವನಿಗೆ ಉಪ್ಪಿಟ್ಟು ಬಿಟ್ರೆ ಬೇರೆ ಬರಲ್ಲ ಮಾರಾಯ. ಇಷ್ಟು ದಿನ ಕಷ್ಟಪಟ್ಟು ಇವನನ್ನ ಗೆಲ್ಲಿಸ್ಕೊಂಡು ಬಂದಿದ್ದು ಎಂತಕ್ಕೆ? ಈ ಕಡುಬಿಗೆ ತಾನೇ!”

ಮಾತು ಬಾಯಿಂದ ಬಿದ್ದುಬಿಟ್ಟಿತ್ತು.

“ಗೆಲ್ಲಿಸ್ಕೊಂಡು?” ಎಂದ ವೀರೇಂದ್ರ.

ಬಸವರಾಜು ಅವನ ಭುಜದ ಮೇಲೆ ಕೈಯಿಟ್ಟರು. “ಬೇಜಾರು ಮಾಡ್ಕೋಬೇಡ. ಒಳ್ಳೇ ಎಲೆ ಬಂದ್ರೆ ನಿನ್ನ ಕಿವಿ ಹಣ್ಣಾದ ಕಾಫಿ ಥರ ಕೆಂಪಗಾಗ್ತದೆ. ಜಾವಳಿಯಿಂದ್ಲೇ ಕಾಣ್ತದೆ. ನಿನ್ನನ್ನ ಸೋಲಿಸೋದು ಸುಲಭ, ಗೆಲ್ಲಿಸೋದಕ್ಕೆ ನಾವು ಪಟ್ಟ ಪಾಡು ನಮಗೇ ಗೊತ್ತು.”

ಶಿವಗಂಗಮ್ಮನಿಗೆ ಅರ್ಥವಾದದ್ದು ಇಷ್ಟೇ. “ಹಂಗಾದ್ರೆ ಪೋಕರಿ ಅಂದ್ರೆ ಇಸ್ಪೀಟಾ? ಅದೂ ಇವನಿಗೆ ಬರಲ್ವಾ? ಸದ್ಯ, ನಮ್ಮ ಶಿವ ದೊಡ್ಡವನು!” ಎಂದು ಕೈ ಮುಗಿದರು. ಭಾಗಮ್ಮನಿಗೆ ಮಾತ್ರ ತುಂಬಾ ನಿರಾಸೆಯಾಯಿತು.

ತನುಜಾ ಅಡುಗೆಮನೆ ಬಾಗಿಲಲ್ಲಿ ಕಡುಬಿನ ತಟ್ಟೆ ಹಿಡಿದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಮೂವರೂ ಆಸೆಯಿಂದ ತಟ್ಟೆ ನೋಡಿದರು. ಅವಳು ಕೊಡಲಿಲ್ಲ.

“ಬಸವರಾಜಣ್ಣ, ನಿಮ್ಮ ಮಿಲ್ಲಿನ ಕ್ಯಾಂಟೀನು ಮುಚ್ಚೇ ಇದೆ ಅಲ್ವಾ?”

“ಹೂಂ ತಂಗಿ. ಯಾರೂ ಸಿಕ್ಕಿಲ್ಲ.”

“ನಾನು ನಡೆಸ್ತೀನಿ. ನಾಳೆಯಿಂದ. ಲಾರಿಯವ್ರು, ಹಮಾಲರು, ಬೆಳೆಗಾರರು, ಎಲ್ರಿಗೂ ಕಡುಬು. ನಿಮಗೂ ಅಲ್ಲೇ.” ಗಂಡನ ಕಡೆ ತಿರುಗಿದಳು. “ಹವ್ಯಾಸಾನಾ ಕಸುಬಾ ಅಂತ ಬೆಳಿಗ್ಗೆ ತೂಗ್ತಿದ್ರಲ್ಲ, ನಾನೂ ತೂಗಿದೆ. ನಿಮ್ಮದು ಹವ್ಯಾಸ, ನನ್ನದು ಕಸುಬು. ಪ್ರೊಫೆಷನಲ್ಲು.”

“ಇವತ್ತೇ ಬೀಗದಕೈ ತಗೋ ತಂಗಿ!” ಎಂದರು ಬಸವರಾಜು. ವೆಂಕಟೇಶ ಚಪ್ಪಾಳೆಯನ್ನೇ ತಟ್ಟಿದ.

ವೀರೇಂದ್ರ ಗಂಟಲು ಸರಿಮಾಡಿಕೊಂಡ. “ಹಂಗಾದ್ರೆ ಅಣ್ಣ, ನಾನು ನಾಳೆ ಮಾಮೂಲಿನ ಹಂಗೆ ಔಟ್‌ಟರ್ನ್ ಟೇಬಲ್ಲಿಗೆ...”

“ಅಲ್ಲಿ ಲಿಖಿತ್ ಕೂತ್ಕೊಳ್ತಾನಲ್ಲ ಮಾರಾಯ. ನೀನೇ ತಾನೇ ಬಿಟ್ಟಿದ್ದು?”

ವೀರೇಂದ್ರ ಹೆಂಡತಿಯ ಮುಖ ನೋಡಿದ. ತನುಜಾಳಿಗೆ ನಗು ಬಂತು, ತಡೆದುಕೊಂಡಳು. ಒಳಗೆ ಹೋಗಿ ಕಾಯಿತುರಿಯುವ ಮಣೆ ತಂದು ಅವನ ಮುಂದಿಟ್ಟಳು. “ಕ್ಯಾಂಟೀನಿಗೆ ಒಬ್ರು ಬೇಕೇ ಬೇಕು. ಬೆರಳು ಜೋಪಾನ, ಅದೇ ಬಂಡವಾಳ ಅಲ್ವಾ?”

ಮೂವರೂ ಕಡುಬಿಗೆ ಕೈಹಾಕಿದರು. ವೀರೇಂದ್ರ ಮಣೆಯ ಮೇಲೆ ಕೂತು, ತಲೆ ತಗ್ಗಿಸಿ, ಮೊದಲ ಹೋಳು ಹಿಡಿದು ತುರಿಯತೊಡಗಿದ. ವಿಭೂತಿ ಹಣೆಯಿಂದ ಉದುರಿ ಕಾಯಿತುರಿಯ ಮೇಲೆ ಬೀಳುತ್ತಿತ್ತು.

ಶಿವಗಂಗಮ್ಮ ಸ್ವಲ್ಪ ಹೊತ್ತು ಮಗನನ್ನೇ ನೋಡಿದರು. ಹೆಂಡತಿ ‘ಇನ್ನೂ ಸಣ್ಣಗೆ’ ಎಂದಾಗ ಅವನು ‘ಆಯ್ತು’ ಎಂದದ್ದೂ ಕಿವಿಗೆ ಬಿತ್ತು. ಅವರು ಭಾಗಮ್ಮನ ಕಡೆ ಬಾಗಿ ದೊಡ್ಡದೊಂದು ನಿಟ್ಟುಸಿರು ಬಿಟ್ಟರು.

“ಇದನ್ನ ನೋಡೋದಕ್ಕಿಂತ, ಅವನು ಪೋಕರಿ ಆಗಿದ್ರೇ ಚೆನ್ನಾಗಿತ್ತು ಕಣೇ.”