ಹಿಡಿಕೆ ಇಲ್ಲದ ಫೋನು

ನೆಟ್ಟಗೆ ನಡೆಯುತ್ತಿರುವ ವಸ್ತುವನ್ನು "ಇನ್ನೂ ನೆಟ್ಟಗೆ ಮಾಡ್ತೀವಿ" ಅಂತ ಮೇಲಿನವರು ಕೈ ಹಾಕಿದಾಗಲೆಲ್ಲ, ಬೈಸಿಕೊಳ್ಳೋದಕ್ಕೆ ಕೆಳಗಿನವರು ಒಬ್ಬರು ಬೇಕಾಗುತ್ತಾರೆ. ಎಪ್ಪತ್ತರ ದಶಕದಲ್ಲಿ ಹೊಸದುರ್ಗದ ಮಟ್ಟಿಗೆ ಆ ಒಬ್ಬರು ನಾನಾಗಿದ್ದೆ.

ಹಿರಿಯೂರು ಪಕ್ಕದ ಆದಿವಾಲದವಳು ನಾನು. ಹೊಸದುರ್ಗದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ. ಆಗಿನ ಫೋನಿಗೆ ಪಕ್ಕದಲ್ಲೊಂದು ಹಿಡಿಕೆ. ಅದನ್ನು ಗರಗರ ತಿರುಗಿಸಿದರೆ ನನ್ನ ಬೋರ್ಡಿನಲ್ಲಿ ಅವರ ನಂಬರಿನ ಪುಟ್ಟ ಮುಚ್ಚಳ ಟಪ್ಪಂತ ಬೀಳೋದು. "ಡಾಕ್ಟ್ರಿಗೆ ಕೊಡಮ್ಮ" ಅಂದರೆ ಡಾಕ್ಟರಿಗೆ, "ನಮ್ಮ ಭಾವಂಗೆ ಕೊಡು" ಅಂದರೆ ಆ ಭಾವನಿಗೆ ಕೊಡುತ್ತಿದ್ದೆ. ಯಾರಿಗೆ ಎಷ್ಟು ಜನ ಭಾವಂದಿರು ಅನ್ನೋದು ನನಗೆ ಬಾಯಿಪಾಠ.

ಒಂದು ದಿನ ಆಟೋಮ್ಯಾಟಿಕ್ ಬಂತು. ಹಿಡಿಕೆ ಹೋಗಿ ಹತ್ತು ತೂತಿನ ಡಯಲ್ ಬಂತು. ಊರೊಳಗಿನ ಫೋನನ್ನು ಅವರವರೇ ಮಾಡಿಕೊಳ್ಳಬೇಕು, ಹೊರಗಿನ ಊರಿನ ಟ್ರಂಕ್ ಕಾಲ್ ಮಾತ್ರ ಮೊದಲಿನಂತೆ ನನ್ನ ಕೈಯಲ್ಲಿ. ಬದಲಾದದ್ದು ಇಷ್ಟೇ. ಆದರೆ ಊರವರ ಆಕ್ರೋಶ ನೋಡಿದರೆ ಯಾರದೋ ಬಾವಿ ಮುಚ್ಚಿಸಿದ ಹಾಗಿತ್ತು. ಚಿತ್ರದುರ್ಗದಿಂದ ದೊಡ್ಡ ಸಾಹೇಬರ ಅಪ್ಪಣೆ ಆಯಿತು: "ಆಪರೇಟರಮ್ಮನ ದನಿ ಎಲ್ಲರಿಗೂ ಪರಿಚಯ. ಮನೆಮನೆಗೆ ಹೋಗಿ ಅವರೇ ಹೇಳಿಕೊಡಲಿ." ಜೊತೆಗೆ ಲೈನ್‌ಮನ್ ಅಣ್ಣ. ಜವನಗೊಂಡನಹಳ್ಳಿಯವನು, ನಿಧಾನದ ಮನುಷ್ಯ, ಹೆಗಲ ಮೇಲೆ ಸದಾ ಒಂದು ಏಣಿ.

ಮೊದಲನೇ ಮನೆಯ ಅಜ್ಜಿ ಬಾಗಿಲು ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿತು. "ಇಷ್ಟೇನಾ ನೀನು? ದನಿ ಕೇಳಿ ಒಳ್ಳೆ ದಪ್ಪಗೆ ಎತ್ತರಕ್ಕೆ ಅದೀಯ ಅನ್ಕಂಡಿದ್ದೆ. ಎಲ್ಲಾದ್ರಾಗೂ ಮೋಸ!"

ಹಿಡಿಕೆ

ಕೊಬ್ಬರಿ ಮಂಡಿಯ ಯಜಮಾನರು ಹೊಸ ಫೋನನ್ನು ಎತ್ತಿ, ಬೋರಲು ಹಾಕಿ, ಎಡಬಲ ತಿರುವಿ ನೋಡಿದರು.

"ಹಿಡಿಕೆ ಎಲ್ಲಮ್ಮ?"

"ಇದಕ್ಕೆ ಹಿಡಿಕೆ ಇಲ್ಲ ಯಜಮಾನ್ರೇ. ಇನ್ನು ತಿರುಗಿಸೋ ಕಷ್ಟ ಇಲ್ಲ."

"ಕಷ್ಟ ಐತೆ ಅಂತ ನಾನು ಯಾವಾಗ ಹೇಳಿದ್ದೆ?"

ನಾನು ಡಯಲ್ ತೋರಿಸಿದೆ. ಅವರು ಆ ಕಡೆ ನೋಡಲೂ ಇಲ್ಲ.

"ನೋಡಮ್ಮ, ಸುಮ್ನೆ ಮಾತಾಡಾಕಾದ್ರೆ ಎರಡು ಸುತ್ತು ಹಾಕ್ತಿದ್ದೆ. ಅರ್ಜೆಂಟ್ ಆದ್ರೆ ಆರು. ಸಿಟ್ಟು ಬಂದ್ರೆ ತೋಳು ಸೋಲೋ ತನಕ. ಸಿಟ್ಟು ಎಷ್ಟೈತೆ ಅಂತ ನಿಂಗೂ ಗೊತ್ತಾಗೋದು. ಈಗ ಈ ತೂತಿಗೆ ಬೆರಳು ಹಾಕ್ಕಂಡು ಹೆಂಗೆ ಸಿಟ್ಟು ಮಾಡಾದು?"

ಮಾತು ನಿಜವೇ. ಅವರ ಮುಚ್ಚಳ ಬೀಳುವ ಸದ್ದಿನಲ್ಲೇ ಅವತ್ತಿನ ಕೊಬ್ಬರಿ ಧಾರಣೆ ನನಗೆ ತಿಳಿಯುತ್ತಿತ್ತು. ನಾನು ಉತ್ತರ ಹುಡುಕುವಷ್ಟರಲ್ಲಿ ಲೈನ್‌ಮನ್ ಅಣ್ಣ, "ಮಾತು ಮುಗುದ್ಮೇಲೆ ರಿಸೀವರ್ ಜೋರಾಗಿ ಕುಕ್ರಿ ಯಜಮಾನ್ರೆ, ಸರಿಹೋಗ್ತೈತೆ" ಅಂದುಬಿಟ್ಟ. ಒಂದೇ ವಾರದಲ್ಲಿ ಎರಡು ಸಲ ಫೋನು ಒಡೆದು ರಿಪೇರಿಗೆ ಬಂತು.

ಮುಂದಿನ ಭಾನುವಾರ ಹೊಳಲ್ಕೆರೆಯ ಆಪರೇಟರ್ ಗೆಳತಿ ಟ್ರಂಕ್ ಲೈನಿಗೆ ಬಂದಳು. ಹೊಳಲ್ಕೆರೆಯಲ್ಲಿ ಇನ್ನೂ ಹಳೇ ಫೋನೇ.

"ಲೇ, ನಿಮ್ಮೂರಿನ ಕೊಬ್ಬರಿ ಮಂಡಿಯೋರಂತೆ, ಇಲ್ಲಿ ಅವರ ಷಡ್ಕರ ಮನೆಗೆ ಬಂದವ್ರೆ. ಬೆಳಗಿಂದ ಹಿಡಿಕೆ ತಿರುಗ್ಸಿ ತಿರುಗ್ಸಿ ನನ್ನ ಬೋರ್ಡು ಅಲ್ಲಾಡಿಸ್ತಾ ಅವ್ರೆ."

"ಯಾರ ಹತ್ರ ಮಾತಾಡ್ಬೇಕಂತೆ?"

"ಯಾರ ಹತ್ರಾನೂ ಬ್ಯಾಡವಂತೆ. ಸುಮ್ನೆ ತಿರುಗ್ಸಾಕೇ ಬಸ್ಸು ಹತ್ತಿ ಬಂದಿದ್ದಂತೆ!"

ಕದ್ದು ಕೇಳುವವಳು

ಎಲ್ಲರೂ ಬೈದರು ಅಂದರೆ ಸುಳ್ಳಾಗುತ್ತದೆ. ಜವಳಿ ಅಂಗಡಿಯವರು ಹೊಗಳಿದರು. ಹೇಗೆ ಹೊಗಳಿದರು ಅಂದರೆ, ಅಂಗಡಿ ತುಂಬ ಗಿರಾಕಿಗಳಿರುವಾಗ ನನ್ನ ಮುಖವನ್ನೇ ನೋಡುತ್ತಾ, "ಭಾರಿ ಒಳ್ಳೇದಾತು ಬಿಡ್ರಿ. ಇನ್ನು ನಮ್ಮ ಮಾತು ಯಾರೂ ಕದ್ದು ಕೇಳಂಗಿಲ್ಲ" ಅಂದರು.

ಸೀರೆ ನೋಡುತ್ತಿದ್ದ ಹೆಂಗಸರೆಲ್ಲ ಒಮ್ಮೆಲೇ ನನ್ನ ಕಡೆ ತಿರುಗಿದರು. ನನ್ನ ಕಿವಿ ಬಿಸಿಯಾಯಿತು. ಇವರ ಮಾತು ಯಾರಿಗೆ ಬೇಕಿತ್ತು? ಮಾತು ಮುಗಿಯಿತೋ ಇಲ್ಲವೋ ಅಂತ ನಡುವೆ ಒಂದು ಸಲ ಕಿವಿ ಕೊಟ್ಟು ನೋಡುವುದು ನಮ್ಮ ಕೆಲಸ. ಆಗ ಎರಡು ಮಾತು ಕಿವಿಗೆ ಬಿದ್ದರೆ ಅದು ಕಿವಿಯ ತಪ್ಪು. ಬಿದ್ದದ್ದನ್ನು ಒಂದು ದಿನವಾದರೂ ಯಾರಿಗಾದರೂ ಹೇಳಿದ್ದೆನೇ? ಅವತ್ತು ಮಧ್ಯಾಹ್ನ ಊಟವೇ ಸೇರಲಿಲ್ಲ.

ನಾಲ್ಕನೇ ದಿನ ಅವರಿಂದಲೇ ಎಕ್ಸ್‌ಚೇಂಜಿಗೆ ಫೋನು. ದನಿ ಬೆಣ್ಣೆ.

"ತಾಯಿ, ಒಂದು ಸಣ್ಣ ವಿಷಯ. ನಿನ್ನೆ ದರ್ಜಿಗೆ ಫೋನ್ ಮಾಡಿದ್ನಲ್ಲ. ಮದುವೆ ಬಟ್ಟೆ ಬುಧವಾರ ಕೊಡು ಅಂದಿದ್ನಾ, ಶುಕ್ರವಾರ ಅಂದಿದ್ನಾ? ಅವನು ಒಂದು ಹೇಳ್ತಾನೆ, ನಂಗೆ ಒಂದು ನೆನಪು. ಗಿರಾಕಿ ಬಂದು ಎದುರಿಗೆ ಕುಂತೈತೆ."

"ಸ್ವಾಮಿ, ನಾನು ಕದ್ದು ಕೇಳೋದು ಬಿಟ್ಟು ನಾಲ್ಕು ದಿನ ಆಯ್ತು."

ಅವರು ನಿಜವಾಗಿಯೂ ನೊಂದ ದನಿಯಲ್ಲಿ ಕೇಳಿದರು: "ಅಲ್ಲಮ್ಮ, ಒಂದು ಮಾತು ಹೇಳ್ದೆ ಕೇಳ್ದೆ ಹಿಂಗೆ ಇದ್ದಕ್ಕಿದ್ದಂಗೆ ಬಿಟ್ರೆ ನಾವು ವ್ಯಾಪಾರ ಮಾಡಾದು ಹೆಂಗೆ?"

ಕೊಂಯ್

ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರು ನನ್ನ ಮೇಲೆ ಬರವಣಿಗೆಯಲ್ಲಿ ದೂರು ಕೊಟ್ಟರು. "ಹೊಸ ಆಪರೇಟರಿಗೆ ಶಿಸ್ತಿಲ್ಲ" ಅಂತ. ಹೊಸ ಆಪರೇಟರೇ ಬಂದಿಲ್ಲ, ಇರುವವಳು ನಾನೊಬ್ಬಳೇ. ವಿಚಾರಿಸಲು ಹೋದೆ.

"ಎತ್ತಿದ ಕೂಡಲೇ ಕೊಂಯ್ ಅಂತ ಶುರು ಮಾಡ್ತಾಳೆ. 'ಬಾಯಿ ಮುಚ್ಚು' ಅಂದೆ. ಮುಚ್ಚಲಿಲ್ಲ. 'ನಿಮ್ಮಪ್ಪನ್ನ ಕರ್ಕೊಂಡು ಬಾ' ಅಂದೆ. ಅದಕ್ಕೂ ಕೊಂಯ್."

"ಟೀಚರ್, ಅದು ಮನುಷ್ಯರಲ್ಲ. ನಂಬರ್ ತಿರುಗಿಸಿ ಅಂತ ಯಂತ್ರ ಮಾಡೋ ಸದ್ದು. ಒಂದು ಅಂಕಿ ತಿರುಗಿಸಿ ನೋಡಿ, ನಿಲ್ಲುತ್ತೆ."

ಅವರು ನಂಬಿಕೆಯಿಲ್ಲದೆ ತೋರುಬೆರಳಿಟ್ಟು ಒಂದು ಅಂಕಿ ತಿರುಗಿಸಿದರು. ಸದ್ದು ನಿಂತಿತು. ಅವರ ಮುಖದಲ್ಲಿ ಮೂವತ್ತು ವರ್ಷ ತರಗತಿ ಆಳಿದ ಕಳೆ ಬಂತು.

"ನೋಡಿದೆಯಾ? ಬಾಯಲ್ಲಿ ಹೇಳಿದರೆ ಕೇಳೋದಿಲ್ಲ. ಬೆರಳು ತೋರಿಸಿದ ಕೂಡಲೇ ಗಪ್‌ಚಿಪ್!"

ದೊಡ್ಡ ನಂಬರು

ಸರ್ಕಾರಿ ಕಚೇರಿಯೊಂದರ ಸಾಹೇಬರದು ಹಳೇ ಲೆಕ್ಕದಲ್ಲಿ ಒಂದನೇ ನಂಬರು. ಹೊಸದರಲ್ಲಿ ಎಲ್ಲರಿಗೂ ಮೂರಂಕಿ. ತಂತಿ ಎಲ್ಲಿಂದ ಎಲ್ಲಿಗೆ ಅನುಕೂಲವೋ ಹಾಗೆ ನಂಬರು ಬಿದ್ದು, ಸಾಹೇಬರಿಗೆ ೨೩೭ ಬಂತು. ೨೦೧ ಬಸ್ ಸ್ಟ್ಯಾಂಡಿನ ಸೋಡಾ ಫ್ಯಾಕ್ಟರಿಗೆ ಹೋಯಿತು.

ಸಾಹೇಬರು ಜವಾನನನ್ನೂ ಕರೆಯದೆ ತಾವೇ ನಡೆದು ಬಂದರು. "ಗೋಲಿ ಸೋಡಾ ಮಾರೋನ ಹಿಂದೆ ನಾನು ಕ್ಯೂ ನಿಲ್ಬೇಕೇನ್ರಿ?"

ನಮ್ಮ ಎಕ್ಸ್‌ಚೇಂಜಿನ ಇನ್‌ಸ್ಪೆಕ್ಟರು ಜಗಳಕ್ಕೆ ಹೆದರುವ ಜೀವ. ತಟ್ಟನೆ, "ಸಾರ್, ಹೊಸ ಪದ್ಧತಿಯಲ್ಲಿ ನಂಬರು ದೊಡ್ಡದಾದಷ್ಟೂ ಹುದ್ದೆ ದೊಡ್ಡದು" ಅಂದರು. ಸಾಹೇಬರು ಸಮಾಧಾನವಾಗಿ ಹೋದವರು ದಾರಿಯಲ್ಲಿ ಸೋಡಾ ಫ್ಯಾಕ್ಟರಿಯವನಿಗೆ ಅದನ್ನು ಹೇಳಿಯೇ ಹೋದರು.

ಹತ್ತು ನಿಮಿಷಕ್ಕೆ ಸೋಡಾದವನು ಹಾಜರು. "ಊರಿಗೆಲ್ಲ ನಾನೇ ಚಿಕ್ಕೋನಂತೆ! ಹಂಗಾದ್ರೆ ಎಲ್ಲರಿಗಿಂತ ದೊಡ್ಡೋರು ಯಾರು, ಪಟ್ಟಿ ತೆಗೀರಿ."

ನಾನು ಪಟ್ಟಿ ತೆಗೆದು ಕೊನೆಯ ನಂಬರಿನ ಮೇಲೆ ಬೆರಳಿಟ್ಟೆ. ದನದ ಆಸ್ಪತ್ರೆ.

ಅವನು ಮೂರು ಸಲ ಓದಿಸಿಕೊಂಡು ಹೆಗಲ ಮೇಲಿನ ಟವೆಲ್ ಕೊಡವಿದ. "ಬಿಡ್ರಿ, ನಂಗೇನೂ ಬೇಜಾರಿಲ್ಲ. ಈ ಸುದ್ದೀನ ಸಾಹೇಬ್ರಿಗೆ ನಾನೇ ಮುಟ್ಟಿಸ್ತೀನಿ."

ಎರಡನೇ ಪಂಕ್ತಿ

ಆ ಊರಲ್ಲಿ ಎಣ್ಣೆ ಮಿಲ್ಲಿನ ಯಜಮಾನರೂ ಬೆಲ್ಲದ ಮಂಡಿಯ ಯಜಮಾನರೂ ಬೀಗರು. ಎಣ್ಣೆ ಮಿಲ್ಲಿನವರ ಮಗಳನ್ನು ಬೆಲ್ಲದ ಮಂಡಿಯವರ ಮಗನಿಗೆ ಕೊಟ್ಟಿತ್ತು. ಬೆಲ್ಲದವರ ಹೊಸ ಮನೆಯ ಒಕ್ಕಲಿನ ದಿನ ಎಣ್ಣೆಯವರನ್ನು ಊಟಕ್ಕೆ ಎರಡನೇ ಪಂಕ್ತಿಯಲ್ಲಿ ಕೂರಿಸಿಬಿಟ್ಟರು. ಹೋಳಿಗೆ ಬಂತು, ತುಪ್ಪ ಬರಲಿಲ್ಲ. ಎಣ್ಣೆಯವರು ಎಲೆ ಮುಂದಿನಿಂದ ಎದ್ದು, ಮಗಳ ಕೈ ಹಿಡಿದು ಮನೆಗೆ ಕರೆತಂದರು. ಅವರು ಬಂದು ಕರೆಯಲಿ ಅಂತ ಇವರು, ಇವರೇ ಕಳಿಸಲಿ ಅಂತ ಅವರು. ಹುಡುಗಿ ನಡುವೆ ಸಿಕ್ಕಿಕೊಂಡಳು.

ಅವು ಹಳೇ ಫೋನಿನ ಕೊನೇ ದಿನಗಳು. ಎಣ್ಣೆಯವರು ಬೀಗರಿಗೆ ಬೈಯಲು ಹಿಡಿಕೆ ತಿರುಗಿಸಿದರೆ ನಾನು "ಲೈನು ಖಾಲಿ ಇಲ್ಲ" ಅನ್ನುತ್ತಿದ್ದೆ. ಸಿಟ್ಟಿನಲ್ಲಿ ಆಡಿದ ಮಾತು ವಾಪಸು ಬರುವುದಿಲ್ಲವಲ್ಲ. ಡಯಲ್ ಬಂದ ಮೇಲೆ ತಡೆಯುವವರಾರು?

ಒಂದು ಸಂಜೆ ಅವರು ಮಿಲ್ಲಿನಿಂದ ಬೀಗರ ೨೬೪ ತಿರುಗಿಸಲು ಹೋಗಿ ೨೪೬ ತಿರುಗಿಸಿದರು. ಅದು ನಮ್ಮ ಇನ್‌ಸ್ಪೆಕ್ಟರ ಮೇಜಿನ ಫೋನು. ತಿಂಗಳಿಂದ ಬೈಗುಳ ಕೇಳಿ ಕೇಳಿ ಅವರು ಒಂದು ಉಪಾಯ ಕಂಡುಕೊಂಡಿದ್ದರು. ಯಾರು ಏನು ಅಂದರೂ ಒಪ್ಪಿಕೊಳ್ಳುವುದು. ನಾನು ಪಕ್ಕದಲ್ಲೇ ಇದ್ದೆ. ಎಣ್ಣೆಯವರ ಗಂಟಲು ಕೋಣೆಗೆಲ್ಲ ಕೇಳುತ್ತಿತ್ತು.

"ನಾನು ಎಣ್ಣೆ ಮಿಲ್ಲಿನೋನು! ನಮ್ಮನ್ನ ಮನುಷ್ಯರು ಅಂತ ತಿಳ್ಕಂಡೀರೋ ಇಲ್ಲೋ?"

"ತಪ್ಪಾಯ್ತು ಸ್ವಾಮಿ."

ಮಿಲ್ಲಿನ ಗದ್ದಲದಲ್ಲಿ ದನಿ ಬೀಗರದಲ್ಲ ಅಂತ ಅವರಿಗೆ ತಿಳಿಯಲಿಲ್ಲ. ಇಷ್ಟು ಬೇಗ ತಪ್ಪಾಯ್ತು ಅನ್ನುತ್ತಾರೆ ಅಂತ ಅವರು ಎಣಿಸಿರಲಿಲ್ಲ.

"ಅಷ್ಟು ಜನದ ಮುಂದೆ ನಮ್ಮ ಮರ್ಯಾದೆ ಹೋತು."

"ನೀವೊಬ್ಬರೇ ಅಲ್ಲ ಸ್ವಾಮಿ, ಊರಲ್ಲಿ ಎಲ್ಲರೂ ನಮ್ಮನ್ನೇ ಬೈತಾ ಇದಾರೆ."

"ಎಲ್ರೂನಾ?"

"ಎಲ್ಲರೂ. ಮನೇಲಿ ನನ್ನ ಹೆಂಡತೀನೂ ಬೈತಾಳೆ."

ಎಣ್ಣೆಯವರ ದನಿ ಅರ್ಧಕ್ಕೆ ಇಳಿಯಿತು. "ಇಲ್ಲಿ ತಿಂಗಳಿಂದ ಮೂಲೇಲಿ ಕುಂತೈತೆ ಕಣ್ರಿ. ಒಂದು ಮಾತಿಲ್ಲ, ಸದ್ದಿಲ್ಲ. ನೋಡಿದ್ರೆ ಕರುಳು ಚುರ್ ಅಂತೈತೆ."

"ಹೊಸದರಲ್ಲಿ ಹಂಗೇ ಸ್ವಾಮಿ. ನೀವೇನೂ ಮಾಡ್ಬೇಡಿ. ನಾಳೆ ಬೆಳಗ್ಗೆನೇ ನಮ್ಮೋರನ್ನ ಕಳಿಸ್ತೀನಿ. ಅಲ್ಲಿ ಸರಿಹೋಗದಿದ್ರೆ ಇಲ್ಲಿಗೇ ಕರೆಸ್ಕೊತೀನಿ." ಫೋನನ್ನೂ 'ಕರೆಸಿಕೊಳ್ಳುವುದು' ನಮ್ಮ ಇನ್‌ಸ್ಪೆಕ್ಟರ ಮಾತಿನ ಚಾಳಿ.

ಮೂಗು ಎಳೆದ ಸದ್ದು ಕೇಳಿತು. "ದೊಡ್ಡ ಮನಸು ನಿಮ್ದು. ನಾನೂ ದುಡುಕಿದೆ ಬಿಡ್ರಿ."

ಇನ್‌ಸ್ಪೆಕ್ಟರು ಫೋನಿಟ್ಟು, ದೂರಿನ ಪುಸ್ತಕದಲ್ಲಿ "ಎಣ್ಣೆ ಮಿಲ್ಲು, ತಿಂಗಳಿಂದ ಸದ್ದಿಲ್ಲ" ಅಂತ ಬರೆದುಕೊಂಡರು.

"ಸಾರ್, ಸದ್ದಿಲ್ಲದ ಫೋನಿಂದ ಅವರು ಇಷ್ಟು ಹೊತ್ತು ಹೆಂಗೆ ಕೂಗಿದ್ರು?" ಅಂದೆ.

"ಮಾತಾಡಿದ್ದು ಮಿಲ್ಲಿಂದ. ಕೆಟ್ಟಿರೋದು ಮನೇದು. ಬೆಳಗ್ಗೆ ಹೋಗಿ ನೋಡ್ರಮ್ಮ."

ಬೆಳಗ್ಗೆ ನಾನೂ ಲೈನ್‌ಮನ್ ಅಣ್ಣನೂ ಹೋದರೆ ಮನೆ ಮುಂದೆ ದೊಡ್ಡ ರಂಗೋಲಿ. ಬಾಗಿಲಲ್ಲಿ ಎಣ್ಣೆಯವರು ಕಾಲಿಗೆ ನೀರಿನ ತಂಬಿಗೆ ಹಿಡಿದು ನಿಂತಿದ್ದಾರೆ. ಒಳಗೆ ಮಗಳು ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಟ್ರಂಕಿನ ಪಕ್ಕ ಕೂತಿದ್ದಾಳೆ. ಟ್ರಂಕಿನ ಮೇಲೆ ತಂಬಿಟ್ಟಿನ ಬುಟ್ಟಿ.

"ಬರ್ರಿ, ಬರ್ರಿ, ಕುಂತ್ಕಳ್ರಿ. ಬೀಗರು ನಿಮ್ಮನ್ನ ಕಳಿಸಿದ್ರಾ? ಆಗ್ಲಿ, ಯಾರಾದ್ರೇನು." ಅಷ್ಟರಲ್ಲಿ ಅವರ ಕಣ್ಣು ಲೈನ್‌ಮನ್ ಅಣ್ಣನ ಹೆಗಲಿಗೆ ಹೋಯಿತು. "ಅಲ್ಲಪ್ಪ, ಹೆಣ್ಣು ಕರ್ಕಂಡ್ ಹೋಗಾಕೆ ಏಣಿ ಯಾಕೆ ತಂದೆ?"

"ಅದಿಲ್ದೆ ನಾನು ಎಲ್ಲಿಗೂ ಹೋಗಲ್ಲ ಯಜಮಾನ್ರೆ" ಅಂದ ಅಣ್ಣ.

ಹಿಂದಿನ ಸಂಜೆಯ ಮಾತೆಲ್ಲ ಒಂದೊಂದಾಗಿ ನನ್ನ ತಲೆಯಲ್ಲಿ ಜೋಡಿಯಾಯಿತು. ಇದ್ದದ್ದು ಹೇಳಿಬಿಡೋಣ ಅಂತ ಬಾಯಿ ತೆರೆದೆ. ಆ ಹುಡುಗಿ ನನ್ನ ಮುಖ ಓದಿದಳು. ಹತ್ತಿರ ಬಂದು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು ಪಿಸುಗುಟ್ಟಿದಳು: "ಅಕ್ಕಾ, ಏನೋ ಎಡವಟ್ಟಾಗೈತೆ ಅಂತ ನಂಗೂ ಗೊತ್ತಾತು. ನಿಮ್ಮ ಕಾಲಿಗೆ ಬೀಳ್ತೀನಿ, ಏನೂ ಹೇಳಬ್ಯಾಡ್ರಿ. ಸುಮ್ನೆ ನಡೀರಿ, ಹೋಗಾಣ."

ನಾನು ತಂಬಿಟ್ಟಿನ ಬುಟ್ಟಿ ಎತ್ತಿಕೊಂಡೆ. ಟ್ರಂಕನ್ನು ಏಣಿಯ ನಡುವೆ ಕಟ್ಟಿ, ಒಂದು ತುದಿ ಅಣ್ಣ, ಇನ್ನೊಂದು ತುದಿ ಮಿಲ್ಲಿನ ಆಳು ಹೊತ್ತರು. ಊರ ನಡುವೆ ಹೀಗೆ ಮೆರವಣಿಗೆ ಹೊರಟೆವು.

ಬೆಲ್ಲದ ಯಜಮಾನರು ಜಗಲಿಯ ಮೇಲಿದ್ದವರು ಸೊಸೆಯನ್ನು ಕಂಡು ದಡಬಡ ಎದ್ದರು. "ಅವ್ರೇ ಕಳಿಸಿದ್ರಾ?"

"ಅವರೇ ಕಳಿಸಿದ್ರು" ಅಂದೆ. ಅದರಲ್ಲಿ ಸುಳ್ಳೇನಿಲ್ಲ.

"ಕೊನೆಗೂ ತಗ್ಗಿದ್ರಲ್ಲ!" ಅಂತ ಮೀಸೆ ತೀಡಿಕೊಂಡರು. ಆದರೆ ಮರುಕ್ಷಣ ಒಳಗೆ ತಿರುಗಿ, "ಲೇ, ಬೇಗ ಆರತಿ ತಗಂಡ್ ಬಾರೇ, ಕೂಸು ಬಂತು!" ಅಂತ ಕೂಗಿದರು. ನಮಗೆ ಊಟ ಮಾಡಿಸದೆ ಬಿಡಲಿಲ್ಲ. ಮೊದಲನೇ ಪಂಕ್ತಿ, ಹೋಳಿಗೆಯ ಮೇಲೆ ಮಿಳ್ಳೆಗಟ್ಟಲೆ ತುಪ್ಪ.

ಕಚೇರಿಗೆ ಮರಳಿದಾಗ ಮಧ್ಯಾಹ್ನ ದಾಟಿತ್ತು. ಇನ್‌ಸ್ಪೆಕ್ಟರು ದೂರಿನ ಪುಸ್ತಕ ಬಿಡಿಸಿಕೊಂಡು ಕೂತಿದ್ದರು. "ಎಣ್ಣೆ ಮಿಲ್ಲಿನದು ಏನಾಯ್ತು?"

ಲೈನ್‌ಮನ್ ಅಣ್ಣ ಏಣಿಯನ್ನು ಗೋಡೆಗೆ ಒರಗಿಸಿ, ತೇಗಿ, ಹೇಳಿದ: "ಗಂಡನ ಮನೆಗೆ ಬಿಟ್ಟು ಬಂದ್ವಿ ಸಾರ್. ಈಗ ಚೆನ್ನಾಗಿ ಮಾತಾಡ್ತಾ ಐತೆ."

ಇನ್‌ಸ್ಪೆಕ್ಟರು ತಲೆ ಎತ್ತದೆ "ಸರಿಪಡಿಸಲಾಗಿದೆ" ಅಂತ ಬರೆದು ಸಹಿ ಹಾಕಿದರು.