ಮುರಿದದ್ದು ಅಮ್ಮನದು

ಅಮ್ಮ: ಏಳ್ರೀ ಮೇಲೆ.

ಅಪ್ಪ: ಏಳಲ್ಲ.

ಅಮ್ಮ: ಚಳಿಗಾಲ ಮುಗೀತು ಅಂತ ಹೇಳ್ತಿದ್ದೀನಿ.

ಅಪ್ಪ: ಮುಗೀಲಿ ಬಿಡು. ನಾನೇನು ಅದನ್ನ ಹಿಡ್ಕೊಂಡಿದ್ದೀನಾ?

ಅಮ್ಮ: ಚಳಿಗಾಲನ ಹಿಡ್ಕೊಂಡಿಲ್ಲ, ಕುರ್ಚಿ ಹಿಡ್ಕೊಂಡಿದ್ದೀರಿ. ಅದೂ ಎರಡೂ ಕೈಯಲ್ಲಿ. ಆ ಕುರ್ಚಿ ಈಗ ಕಿಟಕಿ ಹತ್ರ ಹೋಗ್ಬೇಕು.

ಅಪ್ಪ: ಕಿಟಕೀನೇ ಇಲ್ಲಿಗೆ ಕರ್ಕೊಂಡು ಬಾ.

ನಮ್ಮ ಮನೆಯಲ್ಲಿ ಅಮ್ಮ ಹೇಳುವವರೆಗೆ ಋತು ಬದಲಾಗುವುದಿಲ್ಲ. ಹೊರಗೆ ಬಿಸಿಲು ನೆತ್ತಿ ಸುಡುತ್ತಿದ್ದರೂ ಒಳಗೆ ಉಣ್ಣೆಯ ಪರದೆ ನೇತಾಡುತ್ತಿದ್ದರೆ ಅದು ಚಳಿಗಾಲವೇ. ಆದರೆ ಒಂದು ಬೆಳಿಗ್ಗೆ ಅವಳು ಕಿಟಕಿಯಿಂದ ಕೈ ಹೊರಗೆ ಚಾಚಿ, ಬಟ್ಟೆ ಅಂಗಡಿಯಲ್ಲಿ ಸೀರೆ ಮುಟ್ಟಿ ನೋಡುವ ಹಾಗೆ ಗಾಳಿಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, "ಬಂತು" ಎಂದಳೋ, ಮುಗಿಯಿತು. ನಲ್ಲಿಗೆ ಹೆಣೆದು ಹಾಕಿದ್ದ ಸ್ವೆಟರು, ಕೆಟಲಿನ ಟೋಪಿ, ಬಾಗಿಲ ಹಿಡಿಯ ಕೈಗವಸು ಎಲ್ಲ ಕಳಚಿ ಪೆಟ್ಟಿಗೆ ಸೇರುತ್ತವೆ. ತೆಳು ಪರದೆಗಳೂ ಬಣ್ಣದ ಬಾಟಲಿಗಳೂ ಹೊರಗೆ ಬರುತ್ತವೆ. ಗೋಡೆ ಬದಿಯಲ್ಲಿರುವ ಅಪ್ಪನ ಮರದ ಕುರ್ಚಿ ಕಿಟಕಿಗೆ ಹೋಗುವುದೂ ಅಂದೇ. ನಾನು ಈ ಇಬ್ಬರ ಒಬ್ಬಳೇ ಮಗಳು. ಸ್ಟೂಲಿನ ಮೇಲೆ ನಿಂತು ಪರದೆ ಸಿಕ್ಕಿಸುತ್ತಿದ್ದೆ. ಹಾಗಾಗಿ ಇಡೀ ಜಗಳ ನನಗೆ ಬಾಲ್ಕನಿ ಸೀಟಿನಿಂದ ಕಂಡಿತು.

ಅಮ್ಮ: ಇಲ್ಲಿ ನೋಡಿ. ಪಟ್ಟೆ ಪಟ್ಟೆ ಬಟ್ಟೆ. ಟೆಂಟ್ ಹೊಲಿಯೋನು ಉಳಿದ ತುಂಡು ಅಂತ ಎಸೀತಿದ್ದ. ಎಸೀತಿದ್ದ ಕಣ್ರೀ! ನನ್ನ ಎದೆ ಧಸಕ್ ಅಂತು. ನಿಮ್ಮ ಕುರ್ಚಿ ದಿಂಬಿಗೆ ಅಂತಲೇ ಕವರು ಹೊಲಿದಿದ್ದೀನಿ. ಏಳಿ, ಹಾಕ್ತೀನಿ.

ಅಪ್ಪ: ನನ್ನ ಮೇಲೇ ಹಾಕ್ಬಿಡು. ನಾನೂ ಒಂದು ದಿಂಬು ಅನ್ಕೋ.

ಅಮ್ಮ: ಅಷ್ಟು ಬಟ್ಟೆ ಸಿಕ್ಕಿಲ್ಲ.

ನಾನು: ಅಪ್ಪ, ಬೆಳಿಗ್ಗೆಯಿಂದ ಅಲ್ಲೇ ಇದ್ದೀರಿ. ತಿಂಡೀನೂ ಅಲ್ಲೇ, ಕಾಫೀನೂ ಅಲ್ಲೇ. ಏನಾಯ್ತು?

ಅಪ್ಪ: ಏನೂ ಆಗಿಲ್ಲ! ಕುರ್ಚಿಗೆ ಏನೂ ಆಗಿಲ್ಲ!

ನಾನು: ಕುರ್ಚಿ ಬಗ್ಗೆ ಯಾರು ಕೇಳಿದ್ರು?

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ. ಅಮ್ಮ ಕತ್ತರಿ ಹುಡುಕಲು ಒಳಗೆ ಹೋದದ್ದೇ ತಡ, ಅಪ್ಪ ನನ್ನನ್ನು ಕಣ್ಣಲ್ಲೇ ಕರೆದರು. ಸ್ಟೂಲಿನಿಂದ ಇಳಿದು ಹೋದೆ.

ಅಪ್ಪ (ಪಿಸುಗುಟ್ಟುತ್ತ): ಹಿಂದಿನ ಕಾಲು ಮುರಿದಿದೆ ಕಣೇ. ಹೋದ ವಾರ ಒಂದು ಸಲ ಹಾಯಾಗಿ ಒರಗಿದೆ, ಲಟಕ್ ಅಂತು. ಗೋಡೆಗೆ ಒತ್ತಿ ನಿಲ್ಸಿದ್ದೀನಿ. ಆಮೇಲೆ ಆ ಕಡೆ ತಿರುಗೀನೂ ನೋಡಿಲ್ಲ. ಈಗ ಎತ್ತಿದ್ರೆ ಕುರ್ಚಿ ಮಾತ್ರ ಬರುತ್ತೆ, ಕಾಲು ಅಲ್ಲೇ ಉಳಿಯುತ್ತೆ.

ನಾನು: ಅಮ್ಮಂಗೆ ಹೇಳಿಬಿಡಿ ಮತ್ತೆ.

ಅಪ್ಪ: ಹೇಳೋದಾ? ಕಾನೂನು ಮರೆತ್ಯಾ?

ಮರೆಯುವುದುಂಟೇ! ಆ ಕಾನೂನು ಮಾಡಿದ್ದು ಸ್ವತಃ ಅಪ್ಪನೇ. ಮದುವೆಯಾದ ಹೊಸತರಲ್ಲಿ ಅಮ್ಮನ ಹೂಜಿ ಒಡೆದು ಹಾಕಿ, ಬೈಗುಳ ತಪ್ಪಿಸಿಕೊಳ್ಳಲು, "ಇನ್ಮೇಲೆ ಈ ಮನೇಲಿ ಮುರಿದದ್ದು, ಹರಿದದ್ದು ಎಲ್ಲ ನಿಂದೇ, ಸಂತೋಷನಾ?" ಎಂದು ತಮಾಷೆ ಮಾಡಿದರಂತೆ. ಅಮ್ಮ ತಮಾಷೆಯನ್ನು ಪಕ್ಕಕ್ಕಿಟ್ಟು ಮಾತನ್ನು ಮಾತ್ರ ತೆಗೆದುಕೊಂಡಳು. ಹೂಜಿಯ ಚೂರುಗಳು ಬಚ್ಚಲ ಕಿಟಕಿಗೆ ಅಂಚಾದವು. ಅಪ್ಪನ ಛತ್ರಿಯ ಒಂದು ಕಡ್ಡಿ ಬಾಗಿದ ಸಂಜೆಯೇ ಅದು ದೀಪದ ಬುರುಡೆಗೆ ಕೊಡೆಯಾಯಿತು. ಅಟ್ಟೆ ಬಿಟ್ಟ ಬೂಟಿನಲ್ಲಿ ಈಗ ಒಂದು ಬಳ್ಳಿ ಇದೆ, ಅದು ಅಪ್ಪನಿಗಿಂತ ಹುಷಾರಾಗಿದೆ. ಒಂದು ವಸ್ತು ಸರಿಯಾಗಿರುವಷ್ಟು ದಿನ ಅಮ್ಮ ಅದರ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ, ಆದರೆ ಅದು ಕೆಮ್ಮಿದರೆ ಸಾಕು, ಅಳತೆ ಟೇಪು ಹಿಡಿದು ಬಂದುಬಿಡುತ್ತಾಳೆ.

ಅಪ್ಪ: ಈ ಮನೇಲಿ ನಂದು ಅಂತ ಉಳಿದಿರೋದು ಇದೊಂದೇ ಕಣೇ. ನಮ್ಮಪ್ಪ ಕೂತಿದ್ದ ಕುರ್ಚಿ. ಇದನ್ನೂ ಕೊಟ್ರೆ ನಾಳೆ ಹೂಕುಂಡದ ಸ್ಟ್ಯಾಂಡು ಮಾಡ್ತಾಳೆ. ಆಮೇಲೆ ನಾನೆಲ್ಲಿ ಕೂರಲಿ? ಹೂಕುಂಡದೊಳಗಾ?

ನಗು ಬಂತು. ಜೊತೆಗೆ ಅಯ್ಯೋ ಪಾಪ ಅಂತಲೂ ಅನ್ನಿಸಿತು. ಅಷ್ಟರಲ್ಲಿ ಅಮ್ಮ ಕತ್ತರಿ ಹಿಡಿದು ಬಂದಳು.

ಅಮ್ಮ: ಏನು ಅಪ್ಪ ಮಗಳದು ಗುಸುಗುಸು?

ನಾನು: ಅಪ್ಪಂಗೆ ಸೊಂಟ ಹಿಡ್ಕೊಂಡಿದೆಯಂತಮ್ಮ. ಅದಕ್ಕೇ ಏಳ್ತಿಲ್ಲ.

ಅಪ್ಪ: ಹ್ಞಾ! ಸೊಂಟ! ಅಯ್ಯಮ್ಮಾ!

ಅಮ್ಮ: ಅಯ್ಯೋ, ಮೊದಲೇ ಹೇಳ್ಬಾರ್ದಾ? ಇರಿ, ಶಾಖದ ಚೀಲ ಬಿಸಿ ಮಾಡಿ ತರ್ತೀನಿ.

ಅಮ್ಮ ತಂದ ಚೀಲ ಉದ್ದಕ್ಕೆ, ದುಂಡಗೆ ಇತ್ತು. ಒಳಗೆ ಬಿಸಿ ಗೋಧಿ, ಎರಡೂ ತುದಿಗೆ ಹೊಲಿಗೆ. ಅಪ್ಪ ಅದನ್ನು ಬೆನ್ನಿಗೆ ಒತ್ತಿಕೊಳ್ಳುವ ಮೊದಲು ಒಮ್ಮೆ ದಿಟ್ಟಿಸಿ ನೋಡಿದರು.

ಅಪ್ಪ: ಇದು ನನ್ನ ಕೋಟಿನ ತೋಳಲ್ವೇನೇ?

ಅಮ್ಮ: ಆಗಿತ್ತು.

ಅಪ್ಪ: ಆ ಕೋಟಿಗೇನಾಗಿತ್ತೇ? ಒಂದು ಗುಂಡಿ ಬಿದ್ದಿತ್ತಷ್ಟೇ!

ಅಮ್ಮ: ಬಿದ್ದಿತ್ತಲ್ಲ! ನೀವೇ ಒಪ್ಕೊಂಡ್ರಿ.

ಅಪ್ಪ: ಇನ್ನೊಂದು ತೋಳು?

ಅಮ್ಮ: ಅದು ನಿಮ್ಮ ಮಗಳ ಹತ್ರ ಇದೆ. ಹೊಟ್ಟೆನೋವಿಗೆ.

ಅಪ್ಪ ನನ್ನ ಕಡೆ ನೋಡಿದ ನೋಟದಲ್ಲಿ ನಾನೂ ಶತ್ರುಪಾಳಯ ಸೇರಿದ್ದೆ. ಅಮ್ಮನ ಕಣ್ಣು ಅಷ್ಟರಲ್ಲಿ ಕುರ್ಚಿಯಿಂದ ಜಾರಿ ಅಪ್ಪನ ಪ್ಯಾಂಟಿನ ಮೇಲೆ ನಿಂತಿತ್ತು.

ಅಮ್ಮ: ಎಷ್ಟು ಗಟ್ಟಿ ಬಟ್ಟೆ ನೋಡೇ ಇದು. ಎಷ್ಟೊಂದು ಜೇಬು ಬೇರೆ! ಕತ್ತರಿ, ದಾರ, ಹೆಣಿಗೆ ಕಡ್ಡಿ ಎಲ್ಲ ಇಟ್ಟು ಗೋಡೆಗೆ ನೇತುಹಾಕಿದ್ರೆ...

ಅಪ್ಪ: ಏಯ್! ಇದು ಇನ್ನೂ ಹರಿದಿಲ್ಲ!

ಅಮ್ಮ: ಹರೀಲಿ ಬಿಡಿ. ನಂಗೇನು ಅವಸರ? (ನನಗೆ) ಹೋಗೇ, ಮೇಲಿನ ಮನೆ ಡಾಕ್ಟ್ರನ್ನ ಕರ್ಕೊಂಡು ಬಾ. ಸೊಂಟದ ವಿಷಯ, ತಡ ಮಾಡ್ಬಾರ್ದು.

ನಾನು: ಅಮ್ಮ, ಅವರು ಹಲ್ಲಿನ ಡಾಕ್ಟ್ರು!

ಅಮ್ಮ: ಆದ್ರೇನಂತೆ? ಮೂಳೆ ಮೂಳೇನೇ.

ಹಲ್ಲಿನ ಡಾಕ್ಟರು ರಜೆಯ ದಿನದ ಲುಂಗಿಯಲ್ಲೇ ಬಂದರು. ಕೈಯಲ್ಲಿ ಮಾತ್ರ ಚಿಕ್ಕ ಪೆಟ್ಟಿಗೆ. ಅಪ್ಪನ ಎದುರು ಬಗ್ಗಿ ನಿಂತು, ಟಾರ್ಚು ಹಾಕಿದರು.

ಡಾಕ್ಟರು: ಎಲ್ಲಿ, ಬಾಯಿ ತೆಗೀರಿ.

ಅಪ್ಪ: ಸೊಂಟ ಡಾಕ್ಟ್ರೇ.

ಡಾಕ್ಟರು: ಕ್ಷಮಿಸಿ, ಅಭ್ಯಾಸ. ತಣ್ಣೀರು ಕುಡಿದ್ರೆ ಜುಂ ಅನ್ನುತ್ತಾ?

ಅಪ್ಪ: ಸೊಂಟಕ್ಕಾ?

ಡಾಕ್ಟರು: ಹೌದಲ್ಲ. ಸರಿ, ಒಂಚೂರು ಎದ್ದು ನಿಲ್ಲಿ ನೋಡೋಣ.

ಅಪ್ಪ: ಆಗಲ್ಲ.

ಡಾಕ್ಟರು: ನೋವಾಗುತ್ತಾ?

ಅಪ್ಪ: ನಂಗಲ್ಲ.

ಡಾಕ್ಟರು: ಮತ್ತೆ ಯಾರಿಗೆ?

ಅಪ್ಪ: ಅಂದ್ರೆ... ಎದ್ರೆ ಕಾಲು ಕಳಚಿ ಬೀಳುತ್ತೆ.

ಡಾಕ್ಟರು: ಕಾಲಾ? ಯಾವ ಕಾಲು?

ಅಪ್ಪ: ಹಿಂದಿನದು.

ಡಾಕ್ಟರು ಅಪ್ಪನ ಎರಡು ಕಾಲನ್ನೂ ನೋಡಿದರು. ಟಾರ್ಚು ಆರಿಸಿದರು. ನನ್ನ ಕಡೆ ತಿರುಗಿದರು.

ಡಾಕ್ಟರು (ಮೆಲ್ಲಗೆ): ಇವರು ಹೀಗೆ ಮಾತಾಡೋಕೆ ಶುರುಮಾಡಿ ಎಷ್ಟು ದಿನ ಆಯ್ತಮ್ಮ?

ನನಗೆ ತಡೆಯಲಾಗಲಿಲ್ಲ. ಪರದೆಯಲ್ಲಿ ಮುಖ ಮುಚ್ಚಿಕೊಂಡು ನಕ್ಕೆ. ಅಪ್ಪನಿಗೂ ತಡೆಯಲಾಗುತ್ತಿರಲಿಲ್ಲ, ಆದರೆ ಅದು ನಗುವಲ್ಲ. ಬೆಳಿಗ್ಗೆಯಿಂದ ಕುಡಿದಿದ್ದ ಕಾಫಿ. ಕಾಲ ಮೇಲೆ ಕಾಲು ಹಾಕಿ, ಹಣೆಯಲ್ಲಿ ಬೆವರು ಬಿಟ್ಟು, ಕೊನೆಗೆ ಕೈಯೆತ್ತಿಬಿಟ್ಟರು.

ಅಪ್ಪ: ಕುರ್ಚಿ ಕಾಲು ಕಣ್ರೀ! ಕುರ್ಚೀದು! ಮುರಿದಿದೆ! ಸಾಕಾ? ತಗೋ, ನಿಂದೇ. ಹೂಕುಂಡ ಇಡ್ತೀಯೋ, ಕೋಳಿ ಗೂಡು ಮಾಡ್ತೀಯೋ, ಏನಾದ್ರೂ ಮಾಡ್ಕೋ. ಆದ್ರೆ ಒಂದು ಮಾತು. ಈ ಕುರ್ಚೀಲಿ ಕೂತ್ರೆ ನಮ್ಮಪ್ಪನ ತೊಡೆ ಮೇಲೆ ಕೂತ ಹಾಗಾಗುತ್ತೆ ನಂಗೆ. ಈ ವಯಸ್ಸಲ್ಲಿ ಇನ್ಯಾರು ಕೂರಿಸ್ಕೋತಾರೆ ನನ್ನ?

ಡಾಕ್ಟರಿಗೆ ಸುಮ್ಮನಿರಲಾಗಲಿಲ್ಲ. ಮುರಿದದ್ದು ಅಂದರೆ ಅವರಿಗೂ ಬಾಯಲ್ಲಿ ನೀರು. ಬಾಯೊಳಗೆ ನೋಡುವ ಪುಟ್ಟ ಕನ್ನಡಿ ತೆಗೆದು, ನೆಲದ ಮೇಲೆ ಮಂಡಿಯೂರಿ, ಕುರ್ಚಿಗೂ ಗೋಡೆಗೂ ನಡುವೆ ತೂರಿಸಿದರು.

ಡಾಕ್ಟರು: ಮುರಿದಿದೆ, ನಿಜ. ಆದ್ರೆ ಕೂಡ್ಸಿದ್ದಾರಲ್ಲ!

ಅಪ್ಪ: ಯಾರು?

ಡಾಕ್ಟರು: ಒಳಗಡೆ ಮರದ ಪಟ್ಟಿ ಕೊಟ್ಟು, ಮೇಲೆ ತಂತಿ ಸುತ್ತಿ... ಆಹಾಹಾ, ಎಂಥಾ ಬಿಗಿ! ಅಲುಗೋ ಹಲ್ಲಿಗೆ ನಾವು ಹೀಗೇ ಕಟ್ಟೋದು. ಯಾವ ಕಾಲೇಜಲ್ಲಿ ಕಲ್ತೋರು ಇವರು?

ಅಮ್ಮ (ಸೂಜಿಗೆ ದಾರ ಪೋಣಿಸುತ್ತ): ಅಡುಗೆಮನೆ ಕಾಲೇಜು. ಮೊನ್ನೆ ಇವರು ಕ್ಷೌರಕ್ಕೆ ಹೋಗಿದ್ರಲ್ಲ, ಆಗ ಕಟ್ಟಿದ್ದು. ಒಳಗೆ ಪಟ್ಟಿ ಕೊಟ್ಟಿರೋದು ಇವರ ಹಳೇ ಛತ್ರಿ ಹಿಡಿ.

ಅಪ್ಪ: ನಿಂಗೆ... ಗೊತ್ತಿತ್ತಾ?

ಅಮ್ಮ: ಲಟಕ್ ಅಂದಿದ್ದು ಪಕ್ಕದ ಬೀದಿಗೂ ಕೇಳ್ಸಿತ್ತು. ಬೆಕ್ಕು ಕಣ್ಮುಚ್ಕೊಂಡು ಹಾಲು ಕುಡಿದ್ರೆ ಊರಿಗೆಲ್ಲ ಕತ್ತಲೆ ಆಗುತ್ತಾ?

ಅಪ್ಪ: ಮತ್ತೆ ಬೆಳಿಗ್ಗೆಯಿಂದ ಯಾಕೇ ಗೋಳು ಹುಯ್ಕೊಂಡೆ?

ಅಮ್ಮ: ಎಷ್ಟು ಹೊತ್ತು ಕೂರ್ತೀರಿ ಅಂತ ನೋಡೋಣ ಅಂತ. ಅದಕ್ಕೇ ಕಾಫಿ ಮೇಲೆ ಕಾಫಿ ಕೊಟ್ಟೆ.

ಅಪ್ಪ: ಕೊಲೆಗಾತಿ! ಹಾಗಾದ್ರೆ ಈಗ ಕುರ್ಚಿ ಯಾರದು?

ಅಮ್ಮ: ಮುರಿದಾಗ ನಂದಾಯ್ತು. ನನ್ನ ವಸ್ತು, ಏನು ಬೇಕಾದ್ರೂ ಮಾಡ್ತೀನಿ. ಕುರ್ಚೀನೇ ಮಾಡಿದೆ. ಈಗದು ಮುರಿದಿಲ್ಲ, ಹಾಗಾಗಿ ನಿಮ್ದು. ಅಷ್ಟೂ ಗೊತ್ತಾಗಲ್ವಾ? ನಿಮ್ಮಪ್ಪ ನನ್ನ ಮಾವ ಅಲ್ವಾ? ಅವರ ಮೇಲೆ ಹೂಕುಂಡ ಇಡ್ತೀನಾ?

ಅಪ್ಪ ಏನೋ ಹೇಳಲು ಬಾಯಿ ತೆರೆದರು. ಡಾಕ್ಟರು ಅಭ್ಯಾಸಬಲದಿಂದ ಟಾರ್ಚು ಹಾಕಿದರು. ಆದರೆ ಅಪ್ಪನ ಅವಸರವೇ ಬೇರೆ ಇತ್ತು. ಕುರ್ಚಿಯಿಂದ ಚಿಮ್ಮಿ ಬಚ್ಚಲ ಕಡೆ ಓಡಿದರು. ಸೊಂಟ ಹಿಡಿದವರು ಯಾರೂ ಹಾಗೆ ಓಡಿದ್ದನ್ನು ನಾನು ನೋಡಿಲ್ಲ.

ಡಾಕ್ಟರು (ಇನ್ನೂ ಕುರ್ಚಿಯ ಹಿಂದೆ): ಎಲ್ಲ ಸರಿ, ಸೀಟಿನ ಹಿಂದಿನ ಅಂಚಲ್ಲಿ ತಂತಿ ತುದಿ ಮಾತ್ರ ಒಂಚೂರು ಹೊರಗಿದೆ. ನಾನಾಗಿದ್ರೆ ಒಳಗೆ ಮಡಚ್ತಿದ್ದೆ. ಕೆನ್ನೆಗೆ ಚುಚ್ಚುತ್ತೆ.

ಅಮ್ಮ: ಕುರ್ಚಿಗೆಲ್ಲಿ ಕೆನ್ನೆ ಡಾಕ್ಟ್ರೇ? ಬನ್ನಿ, ಕಾಫಿ ಕುಡೀರಿ.

ಅಪ್ಪ ಮರಳಿ ಬಂದಾಗ ಮುಖದಲ್ಲಿ ಹೊಸ ಕಳೆ ಇತ್ತು. ತಾವೇ ಕುರ್ಚಿ ಎತ್ತಿದರು. ನಾಲ್ಕೂ ಕಾಲು ಜೊತೆಗೇ ಬಂದವು. ಎತ್ತಿಕೊಂಡೇ ಕೋಣೆಯಲ್ಲಿ ಒಂದು ಸುತ್ತು ಹಾಕಿ, ನಮಗೆಲ್ಲ ಕಾಲು ತೋರಿಸಿ, ಕಿಟಕಿ ಬಳಿ ಇಟ್ಟರು. ಅಮ್ಮ ಪಟ್ಟೆ ಪಟ್ಟೆ ದಿಂಬು ಹಾಕಿದಳು. ಬಿಸಿಲು ಅದರ ಮೇಲೆ ಬಿತ್ತು. ಬೇಸಿಗೆ ನಿಜಕ್ಕೂ ಶುರುವಾಯಿತು ಅನ್ನಿಸಿತು ನನಗೆ.

ಅಪ್ಪ: ಇನ್ನು ಯಾರ ಭಯಾನೂ ಇಲ್ಲ!

ಎಂದವರೇ ಗೆದ್ದ ಖುಷಿಯಲ್ಲಿ ದೊಪ್ಪನೆ ಕೂತರು.

ಪರ್‍ರ್!

ಎಲ್ಲರ ಕಣ್ಣೂ ಕುರ್ಚಿಯ ಕಾಲಿಗೆ ಹೋಯಿತು. ಡಾಕ್ಟರು ಕಾಫಿ ಲೋಟ ಕೆಳಗಿಟ್ಟು ಕನ್ನಡಿ ಹಿಡಿದು ಓಡಿದರು.

ಡಾಕ್ಟರು: ಕಾಲು ಬಂಡೆ ಹಾಗಿದೆ. ಇಲ್ಲೇನೂ ಆಗಿಲ್ಲ.

ಅಪ್ಪನ ಒಂದು ಕೈ ಮೆಲ್ಲಗೆ ಹಿಂದಕ್ಕೆ ಹೋಯಿತು, ತಡಕಾಡಿತು, ಅಲ್ಲೇ ನಿಂತಿತು. ಮುಖದ ಕಳೆ ಇಳಿಯಿತು.

ಅಪ್ಪ: ಏನೂ ಆಗಿಲ್ಲ! ಪ್ಯಾಂಟಿಗೆ ಏನೂ ಆಗಿಲ್ಲ!

ನಾನು: ಪ್ಯಾಂಟಿನ ಬಗ್ಗೆ ಯಾರು ಕೇಳಿದ್ರು?

ಡಾಕ್ಟರು: ತಂತಿ ತುದಿ ಚುಚ್ಚುತ್ತೆ ಅಂತ ಆಗಲೇ ಅಂದಿದ್ದೆ.

ಅಪ್ಪ: ಏ ನೀನು ಆ ತುದಿ ಬೇಕಂತಲೇ ಬಿಟ್ಟಿದ್ದಲ್ವಾ? ನಿಜ ಹೇಳು!

ಅಮ್ಮ ಕೊರಳಿಗೆ ಅಳತೆ ಟೇಪು ಹಾಕಿಕೊಂಡು, ಕತ್ತರಿಯನ್ನು ಒಮ್ಮೆ ಗಾಳಿಯಲ್ಲಿ ಕಚ್ ಕಚ್ ಅನ್ನಿಸಿ, ಹೊಸ ಜೇಬುಚೀಲ ನೇತುಹಾಕುವ ಗೋಡೆಯ ಜಾಗವನ್ನು ಪ್ರೀತಿಯಿಂದ ನೋಡಿದಳು.

ಅಮ್ಮ: ಏಳ್ರೀ ಮೇಲೆ.

ಅಪ್ಪ: ಜಪ್ಪಯ್ಯ ಅಂದ್ರೂ ಏಳಲ್ಲ.

ಅಮ್ಮ: ಕೂತಿರಿ, ಪರವಾಗಿಲ್ಲ. ಮಳೆಗಾಲಕ್ಕೆ ಕುರ್ಚಿ ಮತ್ತೆ ಗೋಡೆ ಹತ್ರ ಹೋಗ್ಬೇಕಲ್ಲ, ಆಗ ತಗೋತೀನಿ. ಕಾಫಿ ಕುಡೀತೀರಾ?