ಮಂಜಿನಿಂದ ಬಂದ ಅಮ್ಮ

ಒದ್ದೆ ಗೋಣಿಚೀಲದ ಜೊತೆ ಹಳೆಯ ಗೋಂದು ಬೆರೆತ ವಾಸನೆ ಮೂಗಿಗೆ ಬಡಿದರೆ ಸಾಕು, ಕರಡಪ್ಪನಿಗೆ ಹಸಿವಾಗುತ್ತಿತ್ತು. ಐದನೆಯ ವಯಸ್ಸಿನಲ್ಲಿ ಅಕ್ಕ ರದ್ದಿ ಅಂಗಡಿಯಿಂದ ತಂದ ಜಪಾನೀ ಪುಸ್ತಕಕ್ಕೆ ಅದೇ ವಾಸನೆಯಿತ್ತು. ಅಂಥ ಚಿತ್ರಕತೆಗೆ ಮಾಂಗಾ ಎನ್ನುತ್ತಾರೆಂದು ಆಗ ಇಬ್ಬರಿಗೂ ತಿಳಿಯದು. ಅಕ್ಷರವೆಲ್ಲ ಇರುವೆ ಸಾಲು. ಅಕ್ಕ ಚಿತ್ರ ನೋಡುತ್ತ ಕತೆ ಹೇಳುತ್ತಿದ್ದಳು: ಸತ್ತುಹೋದ ಒಬ್ಬ ಅಮ್ಮ ದೆವ್ವವಾಗಿ ಮಂಜಿನೊಳಗಿಂದ ತೇಲಿ ಬರುತ್ತಾಳೆ, ಹೊಳೆ ದಾಟುತ್ತಾಳೆ, ಬೀದಿಯ ದೀಪಗಳನ್ನು ಒಂದೊಂದಾಗಿ ಹೊತ್ತಿಸುತ್ತಾಳೆ, ಕೊನೆಗೆ ಬಾಗಿಲು ತೆರೆದು ಮಗನ ಎದುರು ಊಟಕ್ಕೆ ಕೂರುತ್ತಾಳೆ. ಅವಳು ಕೂತ ಮೇಲೆಯೇ ಇವನು ಬಾಯಿಗೆ ತುತ್ತು ಇಡುತ್ತಿದ್ದದ್ದು. ಅವರ ಸ್ವಂತ ಅಮ್ಮ ತೀರಿಕೊಂಡ ವರ್ಷ ಅದು. ಆಮೇಲೆ ಪುಸ್ತಕ ಎಲ್ಲೋ ಕಳೆದುಹೋಯಿತು. ಹಸಿವು ಮಾತ್ರ ಉಳಿಯಿತು.

ಈಗ ಅವನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಬಸ್ ಟಿಕೆಟ್ಟಿನಲ್ಲೂ ಕಾಗುಣಿತದ ತಪ್ಪು ಹುಡುಕುವ ಗುಣಕ್ಕೆ ಸಹೋದ್ಯೋಗಿಗಳು ಇಟ್ಟ ಹೆಸರೇ ಕರಡಪ್ಪ. ಓದಿದ್ದು ಒಂದೇ ಮಾಂಗಾ, ಅದೂ ಓದಿದ್ದಲ್ಲ, ನೋಡಿದ್ದು. ಆದರೂ ಅವನಷ್ಟು ದೊಡ್ಡ ಅಭಿಮಾನಿ ಆ ಪುಸ್ತಕಕ್ಕೆ ಇರಲಾರ. ಅವನು ವರ್ಣಿಸಿದ ಚಿತ್ರಗಳಿಂದಲೇ ಪತ್ತೆಹಚ್ಚಿ, ಅದರ ಇಂಗ್ಲಿಷ್ ಆವೃತ್ತಿ ಬಂದಿದೆಯೆಂದು ಪುಸ್ತಕದಂಗಡಿಯಾಕೆ ಹೇಳಿದಾಗ ಅವನಿಗೆ ನಿದ್ದೆ ಹತ್ತಲಿಲ್ಲ. ಅಮ್ಮ ಮಗನ ಎದುರು ಕೂತು ಏನು ಹೇಳುತ್ತಾಳೆ ಎನ್ನುವುದೊಂದನ್ನೇ ಅವನು ಮೂವತ್ತೈದು ವರ್ಷದಿಂದ ತಿಳಿಯಬೇಕೆಂದಿದ್ದ.

ಪುಸ್ತಕ ಬಂದ ಬೆಳಿಗ್ಗೆ ಕೆಲಸದ ಮೇಜಿನ ಮೇಲೆಯೇ ಬಿಚ್ಚಿದ. ಅಮ್ಮನ ಚಿತ್ರ ಹಿಂಬದಿಯ ರಟ್ಟಿನ ಮೇಲಿತ್ತು. ದೆವ್ವ ತಾನೆ, ಹಿಂದೆಯೇ ನಿಂತಿರುತ್ತದೆ ಎಂದುಕೊಂಡ. ಮೊದಲ ಪುಟದಲ್ಲಿ ದಪ್ಪಕ್ಷರದ ಎಚ್ಚರಿಕೆ: ನಿಲ್ಲಿ, ನೀವು ತಪ್ಪು ದಾರಿಯಲ್ಲಿ ಬಂದಿದ್ದೀರಿ, ಹಿಂದಿರುಗಿ. ದೆವ್ವವೇ ಮಾತಾಡಿದಂತಾಗಿ ಅವನ ಮೈಮೇಲೆ ಮುಳ್ಳೆದ್ದವು. ಆರಂಭ ಭರ್ಜರಿಯಾಗಿದೆ ಎಂದು ಮೆಚ್ಚಿಕೊಂಡ.

ಮೆಚ್ಚುಗೆ ಪುಟ ತಿರುವುವವರೆಗೆ. ಮಂಜಿನಲ್ಲಿ ನಿಂತ ಅಮ್ಮ ಹೇಳುತ್ತಾಳೆ: ‘ಇನ್ನು ನಾನು ಹೊರಟೆ.’ ಮಗ ಮೊದಲು ಅಳುತ್ತಾನೆ, ಯಾಕೆಂದು ಆಮೇಲೆ ತಿಳಿಯುತ್ತದೆ. ಉತ್ತರ ಒಂದು ಪುಟದಲ್ಲಿ, ಪ್ರಶ್ನೆ ಮುಂದಿನದರಲ್ಲಿ. ಸಂತೆಯಲ್ಲಿ ಕೈತಪ್ಪಿದ ಮಕ್ಕಳಂತೆ ಮಾತುಗಳು ಯಾರ ಯಾರದೋ ಪಕ್ಕದಲ್ಲಿ ನಿಂತಿದ್ದವು.

ಕರಡಪ್ಪ ಕೆಂಪು ಪೆನ್ನು ಹಿಡಿದು ಎದ್ದೇಬಿಟ್ಟ. ಅನುವಾದಕನಿಗೆ ಬರುವುದಕ್ಕೂ ಹೋಗುವುದಕ್ಕೂ ವ್ಯತ್ಯಾಸ ಗೊತ್ತಿಲ್ಲ, ಇಂಥ ಪುಸ್ತಕವನ್ನು ಕೆಡಿಸಿದವರನ್ನು ದೆವ್ವವೇ ಕಾಡಬೇಕು ಎಂದು ಇಡೀ ಮುದ್ರಣಾಲಯಕ್ಕೆ ಕೇಳುವಂತೆ ಅಭಿಪ್ರಾಯ ಕೊಟ್ಟ.

ಟೈಪ್ ಮಾಡುವಾಕೆ ತನ್ನ ಚಹಾದಲ್ಲಿ ಅರ್ಧವನ್ನು ಅವನ ಲೋಟಕ್ಕೆ ಸುರಿದು ಸಮಾಧಾನ ಹೇಳಿದಳು. “ಅದರಲ್ಲೇನಿದೆ ಸರ್. ನಮ್ಮತ್ತೆನೂ ಬಂದ ತಕ್ಷಣ ಹೊರಟೆ ಅಂತಾರೆ. ಆಮೇಲೆ ಎರಡು ತಿಂಗಳು ಇರ್ತಾರೆ.”

“ದೆವ್ವಕ್ಕೆ ಇಂಗ್ಲಿಷ್ ಬರ್ದೇ ಇದ್ರೆ ನಾವೇನ್ರೀ ಮಾಡೋಕಾಗುತ್ತೆ,” ಎಂದರು ಯಜಮಾನರು. ಆದರೂ ನೌಕರನಿಗೆ ಅನ್ಯಾಯವಾದರೆ ಸುಮ್ಮನಿರುವ ಜಾತಿಯಲ್ಲ ಅವರು. ತಾವೇ ಪುಸ್ತಕದಂಗಡಿಗೆ ಫೋನು ಮಾಡಿ ಕರಡಪ್ಪನ ಅಭಿಪ್ರಾಯಕ್ಕೆ ಇನ್ನಷ್ಟು ಖಾರ ಸೇರಿಸಿ ಒಪ್ಪಿಸಿದರು. ಆಕೆ ಏನೋ ವಿವರಿಸಲು ಹೊರಟಳು, ಇವರು ಬಿಡಲಿಲ್ಲ. ಕೊನೆಗೆ, ಪುಸ್ತಕ ಇದ್ದ ಹಾಗೇ ಇದ್ದರೆ ಸಂಜೆ ವಾಪಸು ತೆಗೆದುಕೊಳ್ಳುತ್ತೇನೆಂದು ಒಪ್ಪಿದಳು.

ಇದ್ದ ಹಾಗೇ ಇರಲು ಮುದ್ರಣಾಲಯದ ಬೈಂಡರ್ ಬಿಡಬೇಕಲ್ಲ. ಫೋನಿನ ಗಲಾಟೆಯಲ್ಲಿ ಅವನು ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿದ್ದ. “ಕರಡಪ್ಪನವ್ರೇ, ಪುಟದ ಅಂಕಿ ನೋಡಿದ್ರಾ? ಎಲ್ಲಾ ಇಳಿಕೆ ಲೆಕ್ಕ. ಪುಟ ಅಂಟಿಸೋ ಬೆನ್ನನ್ನೇ ತಪ್ಪು ಕಡೆ ಹಾಕಿದಾರೆ. ಊಟದ ಹೊತ್ತಿಗೆ ಸರಿಮಾಡಿ ಕೊಡ್ತೀನಿ.”

ಊರಿನ ಪುಸ್ತಕಗಳ ಪುಟಸಂಖ್ಯೆಯನ್ನೆಲ್ಲ ತಿದ್ದಿದವನಿಗೆ ಈ ಒಂದು ಪುಸ್ತಕದಲ್ಲಿ ಅಂಕಿ ಕಂಡಿರಲೇ ಇಲ್ಲ. ಇದನ್ನು ಅವನು ಐದು ವರ್ಷದ ಕಣ್ಣಿಂದ ನೋಡುತ್ತಿದ್ದ. ಹ್ಞೂಂ ಎನ್ನಬೇಕೋ ಉಹ್ಞೂಂ ಎನ್ನಬೇಕೋ ತಿಳಿಯುವುದರೊಳಗೆ ಕತ್ತರಿಸುವ ಯಂತ್ರ ಕಚಕ್ ಎಂದಿತು. ಬೈಂಡರ್ ಹಳೆಯ ಬೆನ್ನು ತೆಗೆದು ಎದುರು ಅಂಚಿಗೆ ಗೋಂದು ಬಳಿದ. ಯಾವುದೋ ಒಳ್ಳೆಯ ಕೆಲಸಕ್ಕೆಂದು ಎತ್ತಿಟ್ಟಿದ್ದ ನೀಲಿ ಬಟ್ಟೆಯ ತುಂಡನ್ನೂ ಅಂಟಿಸಿದ. ಗೋಂದಿನ ವಾಸನೆಗೆ ಕರಡಪ್ಪನ ಹೊಟ್ಟೆ ಚುರುಗುಟ್ಟಿತು.

ಎಲ್ಲರೂ ಸುತ್ತ ನೆರೆದರು. ಅವನು ಒಂದನೆಯ ಪುಟದಿಂದ ಓದಿದ. ಮಾತುಗಳೆಲ್ಲ ತಂತಮ್ಮ ಮನೆ ಸೇರಿಕೊಂಡವು. ಪ್ರಶ್ನೆಯ ಹಿಂದೆ ಉತ್ತರ ಬಂತು.

“ನೋಡ್ರಪ್ಪ, ನಮ್ಮ ಬೈಂಡರ್ ಜಪಾನನ್ನೇ ತಿದ್ದಿಬಿಟ್ಟ,” ಎಂದು ಯಜಮಾನರು ಬೆನ್ನು ತಟ್ಟಿದರು. ಎಲ್ಲರೂ ನಕ್ಕರು. ಕರಡಪ್ಪ ಪುಟ ತಿರುವುತ್ತಲೇ ಇದ್ದ. ಮೊದಲ ಪುಟದಲ್ಲೇ ಅಮ್ಮ ಮಗನ ಎದುರು ಕೂತಿದ್ದಳು. ಅವನು ಮೂವತ್ತೈದು ವರ್ಷ ಕಾದ ಮಾತು ‘ಊಟ ಮಾಡು’ ಎಂಬುದಷ್ಟೇ. ಆಮೇಲೆ ಎದ್ದಳು. ಬಾಗಿಲು ತೆರೆದಳು. ಅವಳು ದಾಟಿದಂತೆ ಬೀದಿಯ ದೀಪಗಳು ಒಂದೊಂದಾಗಿ ಆರಿದವು. ಹೊಳೆ ದಾಟಿ, ಇನ್ನು ನಾನು ಹೊರಟೆ ಎಂದು ಮಂಜಿನೊಳಗೆ ಕರಗಿದಳು. ಕೊನೆಯ ಪುಟದಲ್ಲಿ ಅದೇ ಎಚ್ಚರಿಕೆ: ನಿಲ್ಲಿ, ಹಿಂದಿರುಗಿ.

ಸಂಜೆ ಅಂಗಡಿಯಾಕೆ ನೀಲಿ ಬೆನ್ನನ್ನು ಸವರಿ ನಿಟ್ಟುಸಿರಿಟ್ಟಳು. ಈ ಪುಸ್ತಕಗಳನ್ನು ಓದುವುದೇ ಬಲದಿಂದ ಎಡಕ್ಕೆ, ಅದನ್ನು ಹೇಳಲೆಂದೇ ಆ ಎಚ್ಚರಿಕೆ ಇತ್ತು, ಇನ್ನು ಇದನ್ನು ವಾಪಸು ಪಡೆಯಲಾರೆ ಎಂದು ಮೆಲ್ಲಗೆ ತಿಳಿಸಿದಳು. ನಗಲಿಲ್ಲ. ಅದೇ ದೊಡ್ಡ ಉಪಕಾರ.

ಅವನು ನೇರ ಅಕ್ಕನ ಮನೆಗೆ ಹೋದ. ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿ ಪುಸ್ತಕ ನೋಡಿದಳು, ಆಮೇಲೆ ತಮ್ಮನ ಮುಖ.

“ಆಗ ನಾವು ತಪ್ಪು ಕಡೆಯಿಂದ ಓದಿಬಿಟ್ಟಿದ್ವಿ ಕಣೇ ಅಕ್ಕ.”

“ನಂಗೊತ್ತಿತ್ತು.”

ಅವನು ಪುಸ್ತಕವನ್ನು ಅವಳ ಕೈಯಿಂದ ವಾಪಸು ತೆಗೆದುಕೊಂಡ.

“ತಂದ ದಿನ ನಾನೊಬ್ಳೇ ನೋಡ್ದೆ ಕಣೋ. ಆ ಅಕ್ಷರ ಬರ್ದೇ ಇದ್ರೇನು, ಅಂಕಿ ಬರ್ತಿತ್ತಲ್ಲ. ಒಂದರಿಂದ ನೋಡಿದ್ರೆ ಅಮ್ಮ ಹೋಗ್ತಾಳೆ. ನೀನು ಎರಡು ದಿನದಿಂದ ಊಟ ಮುಟ್ಟಿರ್ಲಿಲ್ಲ. ಅದಕ್ಕೇ ಕೊನೇ ಪುಟದಿಂದ ಶುರು ಮಾಡ್ದೆ.”

“ಪುಸ್ತಕ ಕಳೆದುಹೋಯ್ತಲ್ಲ ಆಮೇಲೆ?”

“ಕಳೀಲಿಲ್ಲ. ನೀನು ಶಾಲೇಲಿ ಅಂಕಿ ಕಲಿತು ಬಂದೆ. ಮಾರನೇ ದಿನಾನೇ ನಾನು ರದ್ದಿ ಅಂಗಡಿಗೆ ವಾಪಸ್ ಕೊಟ್ಬಂದೆ.”

ಕರಡಪ್ಪ ನೀಲಿ ಬೆನ್ನನ್ನು ಉಗುರಿನಿಂದ ಎಬ್ಬಿಸಿ ನೋಡಿದ. ಬೈಂಡರ್ ಎಷ್ಟು ಗಟ್ಟಿಯಾಗಿ ಅಂಟಿಸಿದ್ದನೆಂದರೆ ಇನ್ನು ಈ ಜನ್ಮದಲ್ಲಿ ಅದು ಬಿಡುವಂತಿರಲಿಲ್ಲ. ಕೊನೆಗೆ ಪುಸ್ತಕವನ್ನು ಹಿಂದಿನಿಂದ ತೆರೆದು ಅಕ್ಕನ ಮಡಿಲಿಗೆ ಸರಿಸಿದ.

ಅಕ್ಕ ಕನ್ನಡಕ ಏರಿಸಿಕೊಂಡಳು. ಇಂಗ್ಲಿಷಿನ ಗೊಡವೆಗೆ ಹೋಗಲಿಲ್ಲ. ಮಂಜು, ಹೊಳೆ, ದೀಪಗಳು. ಅಮ್ಮ ಬಾಗಿಲು ತೆರೆದು ಮಗನ ಎದುರು ಕೂರುವವರೆಗೂ ಹೇಳಿದಳು. ಆಮೇಲೆ ಎದ್ದು ಒಳಗೆ ಹೋಗಿ, ಬಡಿಸಿದ ಬಿಸಿ ತಟ್ಟೆಯನ್ನು ತಂದು ಅವನ ಕೈಗೆ ಕೊಟ್ಟಳು.